ಪಿಯರ್ 1ರಲ್ಲಿ ಸರಿ ಕೂರುತ್ತೆ, ಪಿಯರ್ 30ಕ್ಕೆ ಹೋಗೋಷ್ಟರಲ್ಲಿ 36 ಸೆಂಟಿಮೀಟರ್ ಆಚೆ! ಬಿಮ್ ಗೊತ್ತಿರೋರು ಸ್ವಲ್ಪ ನೋಡಿ

ಪಿಯರ್‌ಕ್ಯಾಪ್ ಪುಟ್ಟ ಬರೆದಿದ್ದು:

ಎಲ್ರಿಗೂ ನಮಸ್ಕಾರ. ನಾನು ನಾಲ್ಕು ವರ್ಷ ಅಪಾರ್ಟ್‌ಮೆಂಟು, ಆಸ್ಪತ್ರೆ, ಮಾಲು ಅಂತ ರೆವಿಟ್ ಸಾಫ್ಟ್‌ವೇರಲ್ಲಿ ಬಿಮ್, ಅಂದ್ರೆ ಮಾಹಿತಿ ಸಮೇತ 3ಡಿ ಮಾಡೆಲ್, ಮಾಡ್ಕೊಂಡು ಬಿದ್ದಿದ್ದವನು, ಈಗ ಮೂರು ತಿಂಗಳಿಂದ ಬೆಂಗಳೂರಲ್ಲಿ ಒಂದು ಎಲಿವೇಟೆಡ್ ವಯಾಡಕ್ಟ್ (ಕಂಬಗಳ ಮೇಲೆ ಹೋಗೋ ಉದ್ದ ಸೇತುವೆ) ಕೆಲಸಕ್ಕೆ ಹಾಕಿದಾರೆ. ಬಿಲ್ಡಿಂಗ್ ಬಿಮ್ ಬಂದ್ರೆ ಬ್ರಿಡ್ಜ್ ಬಿಮ್ಮೂ ಬರುತ್ತೆ ಅಂದ್ಕೊಂಡು ಹೂಂ ಅಂದ್ಬಿಟ್ಟೆ, ಈಗ ಅನುಭವಿಸ್ತಿದೀನಿ.

ವಿಷಯ ಏನಂದ್ರೆ ರಸ್ತೆ ನೇರವಾಗಿದೆ, ತಿರುವಿಲ್ಲ. ಡ್ರಾಯಿಂಗ್ ಪ್ರಕಾರ ಸ್ಪ್ಯಾನ್ (ಕಂಬದಿಂದ ಕಂಬಕ್ಕೆ ದೂರ) ಎಲ್ಲಾ 28 ಮೀಟರ್, ಅದೇ ಲೆಕ್ಕದಲ್ಲಿ ಪಿಯರ್ (ಸೇತುವೆ ಕಂಬ) 1ರಿಂದ 30ರವರೆಗೆ ಮಾಡೆಲ್ ಮಾಡಿದೆ. ಪೈಲ್‌ಕ್ಯಾಪ್‌ಗಳು (ಕಂಬದ ಬುಡದ ಕಾಂಕ್ರೀಟ್ ದಿಮ್ಮಿ) ಸೈಟಲ್ಲಿ ಆಗಲೇ ಕಟ್ಟಾಗಿವೆ. ಬೇರೆ ಸರ್ವೇ ಟೀಮಿನವರು ಡಿಜಿಪಿಎಸ್ (ತುಂಬಾ ನಿಖರವಾಗಿ ಜಾಗ ಹೇಳೋ ಜಿಪಿಎಸ್) ಇಟ್ಟು ಅವುಗಳ ಸೆಂಟರ್ ಪಾಯಿಂಟ್ ತಗೊಂಡು ಬಂದು ಸಿವಿಲ್ ತ್ರೀಡಿ ಅನ್ನೋ ಸಾಫ್ಟ್‌ವೇರ್ ಫೈಲಲ್ಲಿ ಕೊಟ್ಟಿದಾರೆ. ಅದನ್ನ ಮಾಡೆಲ್ ಕೆಳಗೆ ಇಟ್ರೆ ಪಿಯರ್ 1 ಕರೆಕ್ಟಾಗಿ ಕೂರುತ್ತೆ, ಪಿಯರ್ 12ರ ಹತ್ರ 14 ಸೆಂಟಿಮೀಟರ್ ವ್ಯತ್ಯಾಸ, ಪಿಯರ್ 30ರ ಹತ್ರ 36. ಮೂರು ಸಲ ಮೊದಲಿಂದ ಮಾಡಿದೆ, ಅದೇ ಉತ್ತರ.

ನಮ್ಮ ಮ್ಯಾನೇಜರು "ಸೈಟಿನವರು ಪೈಲ್‌ಕ್ಯಾಪ್ ತಪ್ಪು ಜಾಗದಲ್ಲಿ ಹಾಕಿದಾರೆ, ನಾಳೆನೇ ಕಂಟ್ರಾಕ್ಟರ್‌ಗೆ ಲೆಟರ್ ಬಿಡು" ಅಂತಾರೆ. ಲೆಟರ್ ಡ್ರಾಫ್ಟ್ ಮಾಡಿ ಇಟ್ಕೊಂಡಿದೀನಿ ಆದ್ರೆ ಕೈ ನಡುಗ್ತಿದೆ, ಮೂವತ್ತು ಪಿಯರ್ ತಪ್ಪು ಹಾಕೋವರೆಗೂ ಒಬ್ಬ ಮನುಷ್ಯನಿಗೂ ಗೊತ್ತಾಗ್ಲಿಲ್ವಾ?

ಇನ್ನೊಂದು, ಈ ಬ್ರಿಡ್ಜು ರೈಲ್ವೆ ಟನಲ್ ಕಡೆ ಬಿಮ್‌ಗೆ ನಿಜವಾಗ್ಲೂ ಬೆಲೆ ಇದ್ಯಾ ಅಥವಾ ಬರೀ ಪ್ರೆಸೆಂಟೇಶನ್‌ಗಾ? ಇದೇ ಲೈನಲ್ಲಿ ಇರ್ಲಾ ವಾಪಸ್ ಬಿಲ್ಡಿಂಗ್‌ಗೆ ಓಡಿ ಹೋಗ್ಲಾ?

ಕಾಲಂ ಕಿಟ್ಟಿ:

ಗುರು ಇದು ಟ್ರೂ ನಾರ್ತ್ (ನಿಜವಾದ ಉತ್ತರ ದಿಕ್ಕು) ಪ್ರಾಬ್ಲಂ, ಕಣ್ಣು ಮುಚ್ಕೊಂಡು ಹೇಳ್ತೀನಿ. ಮಾಡೆಲಲ್ಲಿ ಉತ್ತರ ಅಂತ ಇಟ್ಕೊಂಡಿರೋ ಪ್ರಾಜೆಕ್ಟ್ ನಾರ್ತ್‌ಗೂ ಟ್ರೂ ನಾರ್ತ್‌ಗೂ ಆಂಗಲ್ ಒಂಚೂರು ತಪ್ಪು ಕೊಟ್ಟಿರ್ತೀಯ, ದೂರ ಹೋದಂಗೆ ಬಾಯಿ ಬಿಟ್ಕೊಳ್ಳುತ್ತೆ. ಆಮೇಲೆ ಸರ್ವೇ ಕೋಆರ್ಡಿನೇಟ್ ಹಂಗಂಗೇ ತಂದು ಪೇಸ್ಟ್ ಮಾಡಿದ್ಯಾ? ಬೆಂಗಳೂರಲ್ಲಿ ನಾರ್ತಿಂಗ್ (ಸಮಭಾಜಕದಿಂದ ಉತ್ತರಕ್ಕೆ ಇರೋ ದೂರ) 14 ಲಕ್ಷ ಮೀಟರ್ ಚಿಲ್ಲರೆ ಬರುತ್ತೆ, ರೆವಿಟ್‌ಗೆ ಅದರ ಒಳಗಿನ ಒರಿಜಿನ್‌ನಿಂದ 16 ಕಿಲೋಮೀಟರ್ ದಾಟಿದ್ರೆ ಆಗ್ಬರಲ್ಲ, ಗೆರೆ ಎಲ್ಲಾ ನಡುಗೋಕೆ ಶುರು ಮಾಡುತ್ತೆ. ಶೇರ್ಡ್ ಕೋಆರ್ಡಿನೇಟ್ (ಎಲ್ಲಾ ಫೈಲಿಗೂ ಒಂದೇ ಜಾಗದ ಲೆಕ್ಕ) ಸರಿ ಮಾಡ್ಕೋ.

ಟೋಟಲ್‌ಸ್ಟೇಷನ್ ಮಾಮ:

ಪುಟ್ಟ, ಲೆಟರ್ ಕಳಿಸ್ಬೇಡಪ್ಪ, ಒಂದು ನಿಮಿಷ ತಡಿ. ಆ 36 ಸೆಂಟಿಮೀಟರ್ ಯಾವ ಕಡೆಗೆ? ರಸ್ತೆಗೆ ಅಡ್ಡವಾಗಿ ಸರಿದಿದ್ಯಾ, ಇಲ್ಲಾ ಉದ್ದಕ್ಕೆ ಮುಂದೆ ಹೋಗಿದ್ಯಾ?

ಪಿಯರ್‌ಕ್ಯಾಪ್ ಪುಟ್ಟ:

ಉದ್ದಕ್ಕೇ ಸರ್. ಸರ್ವೇ ಪಾಯಿಂಟ್ ನನ್ನ ಮಾಡೆಲ್‌ಗಿಂತ ಮುಂದೆ ಇದೆ. ಅಡ್ಡಕ್ಕೆ ನೋಡಿದ್ರೆ ಒಂದು ಸೆಂಟಿಮೀಟರೂ ಇಲ್ಲ. ಫೈಲ್ ಹೆಸರಲ್ಲಿ ಯುಟಿಎಂ 43 ಎನ್ ಅಂತ ಇದೆ, ಅದರಿಂದ ಏನಾದ್ರೂ ಗೊತ್ತಾಗುತ್ತಾ?

ಟೋಟಲ್‌ಸ್ಟೇಷನ್ ಮಾಮ:

ಅದರಿಂದ ಎಲ್ಲಾನೂ ಗೊತ್ತಾಗುತ್ತೆ ಕಣಪ್ಪ. ಕಿಟ್ಟಿ ಹೇಳಿದ ಹಾಗೆ ಆಂಗಲ್ ತಪ್ಪಿದ್ರೆ ಅಡ್ಡಕ್ಕೆ ಸರೀಬೇಕಿತ್ತು. ಉದ್ದಕ್ಕೆ ಬೆಳೀತಾ ಹೋಗ್ತಿದೆ ಅಂದ್ರೆ ಸ್ಕೇಲು. ಲೆಕ್ಕ ಹಾಕು: ಪಿಯರ್ 1ರಿಂದ 12ಕ್ಕೆ ಹನ್ನೊಂದು ಸ್ಪ್ಯಾನು, 308 ಮೀಟರು, 14 ಸೆಂಟಿಮೀಟರ್. 30ಕ್ಕೆ 812 ಮೀಟರು, 36 ಸೆಂಟಿಮೀಟರ್. ಎರಡಕ್ಕೂ ಭಾಗಿಸಿದ್ರೆ ಕಿಲೋಮೀಟರಿಗೆ ಸುಮಾರು 45 ಸೆಂಟಿಮೀಟರೇ ಬರುತ್ತೆ. ಬೆಂಗಳೂರಲ್ಲಿ ಕೆಲಸ ಮಾಡಿರೋ ಸರ್ವೇಯರ್‌ಗೆ ಈ 45 ಮನೆ ನಂಬರ್ ಇದ್ದಂಗೆ.

ಯಾಕೆ ಅಂದ್ರೆ ಯುಟಿಎಂ ಅನ್ನೋದು ದುಂಡಗಿರೋ ಭೂಮಿನ ಹಾಳೆ ಮೇಲೆ ಚಪ್ಪಟೆ ಮಾಡಿ ಕೂರಿಸೋ ಲೆಕ್ಕ, ಉಬ್ಬಿದ ಪೂರಿನ ಅಂಗೈಲಿ ಒತ್ತಿದ ಹಾಗೆ, ಎಲ್ಲೋ ಒಂದು ಕಡೆ ಅಗಲ ಆಗ್ಲೇಬೇಕು. 43ನೇ ಜೋನು 72ರಿಂದ 78 ಡಿಗ್ರಿ ರೇಖಾಂಶದವರೆಗೆ, ಮಧ್ಯದ ಗೆರೆ 75. ಆ ಗೆರೆ ಮೇಲೆ ಬೇಕಂತಲೇ 0.9996 ಅಂತ ಕಮ್ಮಿ ಮಾಡಿ ಇಟ್ಟಿರ್ತಾರೆ, ಎರಡೂ ಕಡೆ ದೂರ ಹೋದಂಗೆ ಜಾಸ್ತಿ ಆಗ್ತಾ ಹೋಗುತ್ತೆ. ನಮ್ಮ ಬೆಂಗಳೂರು ಇರೋದು 77.6ರಲ್ಲಿ, ಜೋನಿನ ಅಂಚಿಗೆ ಅಂಟ್ಕೊಂಡು. ಇಲ್ಲಿ ಕಿಲೋಮೀಟರಿಗೆ 58 ಸೆಂಟಿಮೀಟರ್ ಹೆಚ್ಚು ತೋರಿಸುತ್ತೆ. ನಾವು ಸಮುದ್ರಮಟ್ಟಕ್ಕಿಂತ 900 ಮೀಟರ್ ಮೇಲೆ ಕೂತಿದೀವಲ್ಲ, ಅದಕ್ಕೆ ಒಂದು 13 ಸೆಂಟಿಮೀಟರ್ ಕಳೀಬೇಕು. ಉಳಿದಿದ್ದು 45. ಅದೇ ಹುಬ್ಬಳ್ಳಿಗೆ ಹೋಗು, ಊರು 75ರ ಗೆರೆ ಪಕ್ಕದಲ್ಲೇ ಇದೆ, ಅಲ್ಲಿ ಪೂರಾ ಉಲ್ಟಾ, ಕಿಲೋಮೀಟರಿಗೆ ಅರ್ಧ ಅಡಿಯಲ್ಲ, ಒಂದೂವರೆ ಅಡಿ ಕಮ್ಮಿ ತೋರಿಸುತ್ತೆ.

ಒಂದು ಸ್ಪ್ಯಾನ್‌ಗೆ ಇದು ಹನ್ನೆರಡೂವರೆ ಮಿಲಿಮೀಟರ್ ಅಷ್ಟೆ. ಅದಕ್ಕೇ ಪಕ್ಕ ಪಕ್ಕದ ಪಿಯರ್ ನೋಡಿದ್ರೆ ಯಾರಿಗೂ ಅನುಮಾನ ಬರಲ್ಲ. ನೀನು ಬಿಲ್ಡಿಂಗಲ್ಲಿ ನಾಲ್ಕು ವರ್ಷ ಇದ್ದರೂ ಇದು ಗೊತ್ತಾಗ್ದೇ ಇರೋದಕ್ಕೂ ಅದೇ ಕಾರಣ, ನಿನ್ನ ಆಸ್ಪತ್ರೆ 80 ಮೀಟರ್ ಉದ್ದ ಇದ್ದಿದ್ರೆ ಮೂರೂವರೆ ಸೆಂಟಿಮೀಟರು, ಪ್ಲಾಸ್ಟರಿಂಗಲ್ಲಿ ಮುಚ್ಚಿಹೋಯ್ತು.

ಈಗ ಏನು ಮಾಡ್ಬೇಕು: ಮಾಡೆಲ್ ಮುಟ್ಬೇಡ. ಕಾಸ್ಟಿಂಗ್ ಯಾರ್ಡಲ್ಲಿ ಹೊಯ್ಯೋ ಗರ್ಡರ್ 28 ಮೀಟರ್ ಅಂದ್ರೆ 28 ಮೀಟರೇ, ಅದಕ್ಕೆ ಯುಟಿಎಂ ಗೊತ್ತಿಲ್ಲ. ಸರ್ವೇ ಪಾಯಿಂಟ್‌ಗಳನ್ನೇ ನೆಲದ ಅಳತೆಗೆ ತರಬೇಕು. ಸಿವಿಲ್ ತ್ರೀಡಿಯಲ್ಲಿ ಡ್ರಾಯಿಂಗ್ ಸೆಟ್ಟಿಂಗ್ಸ್ ಒಳಗೆ ಟ್ರಾನ್ಸ್‌ಫರ್ಮೇಶನ್ ಅಂತ ಟ್ಯಾಬ್ ಇದೆ, ಸ್ಕೇಲ್ ಫ್ಯಾಕ್ಟರ್ ಅಲ್ಲೇ. ಆದ್ರೆ ನಿನ್ನಷ್ಟಕ್ಕೆ ನೀನೇ ನಂಬರ್ ಹಾಕ್ಬೇಡ, ಸೈಟಿನ ಸರ್ವೇಯರ್ ಹತ್ರ ಪ್ರಾಜೆಕ್ಟ್‌ನ ಲೋಕಲ್ ಗ್ರಿಡ್ (ನೆಲದ ಅಳತೆಯ ಕೋಆರ್ಡಿನೇಟ್) ಕಾಗದ ಇರ್ಲೇಬೇಕು, ಇಸ್ಕೋ. ಟೀ ಕುಡಿಸಿದ್ರೆ ಕೊಡ್ತಾರೆ.

ಕಾಲಂ ಕಿಟ್ಟಿ:

ಕಣ್ಣು ತೆರೆದು ಹೇಳ್ಬೇಕಿತ್ತು 😅 ಮಾಮ, ಇದನ್ನ ನಮಗೆ ಕಾಲೇಜಲ್ಲಿ ಯಾರೂ ಹೇಳ್ಕೊಡ್ಲಿಲ್ಲ. ಸರ್ವೇ ಕ್ಯಾಂಪ್ ಅಂತ ಕರ್ಕೊಂಡು ಹೋಗಿ ಚೈನ್ ಎಳೆಸಿದ್ರು ಅಷ್ಟೆ.

ಘಾಟಿ ಗಾಡಿ:

ನಿನ್ನ ಎರಡನೇ ಪ್ರಶ್ನೆಗೆ ಬರ್ತೀನಿ. ಬಿಲ್ಡಿಂಗಲ್ಲಿ ಗ್ರಿಡ್ ಎ, ಬಿ, ಸಿ, ಆಮೇಲೆ ಫ್ಲೋರು, ಎಲ್ಲಾನೂ ಅದಕ್ಕೆ ನೇತು ಹಾಕ್ತೀಯ. ರೈಲಲ್ಲಿ ಫ್ಲೋರ್ ಎಲ್ಲಿಂದ ತರ್ತೀಯ? ಎಲ್ಲಾನೂ ಅಲೈನ್‌ಮೆಂಟ್‌ಗೇ (ಹಳಿ ಹೋಗೋ ದಾರಿಯ ಗೆರೆ) ನೇತಾಕ್ಬೇಕು, ಚೈನೇಜ್ (ಶುರುವಿಂದ ಇರೋ ದೂರ) ಇಷ್ಟು, ಎಡಕ್ಕೆ ಇಷ್ಟು, ಮೇಲಕ್ಕೆ ಇಷ್ಟು. ಒಂದು ಸಾಫ್ಟ್‌ವೇರಿಂದ ಇನ್ನೊಂದಕ್ಕೆ ಮಾಡೆಲ್ ಸಾಗಿಸೋ ಐಎಫ್‌ಸಿ ಫೈಲೂ ಮೊದಲು ಬಿಲ್ಡಿಂಗ್ ತಲೆಯಲ್ಲೇ ಹುಟ್ಟಿದ್ದು, ಹಳಿಗಳನ್ನ ಬೀಮ್ ಅಂತ ಎಕ್ಸ್‌ಪೋರ್ಟ್ ಮಾಡಿದ ಪಾಪ ನನ್ನ ತಲೆ ಮೇಲೂ ಇದೆ. ಅದರ 4.3 ವರ್ಷನ್ ಬಂದು 2024ರಲ್ಲಿ ಐಎಸ್‌ಓ ಆದ್ಮೇಲೆ ರಸ್ತೆ, ರೈಲು, ಬ್ರಿಡ್ಜು, ಬಂದರು ಎಲ್ಲಕ್ಕೂ ಅವವೇ ಹೆಸರು ಸಿಕ್ತು, ಅಲೈನ್‌ಮೆಂಟ್ ಕೂಡ ಅದರಲ್ಲೇ ಇದೆ, ಕ್ಯಾಂಟ್ ಸಮೇತ.

ಕ್ಯಾಂಟ್ ಅಂದ್ರೆ ತಿರುವಲ್ಲಿ ಹೊರಗಿನ ಹಳಿ ಎತ್ತರ ಮಾಡೋದು. ಇದನ್ನ 2ಡಿ ಕ್ರಾಸ್ ಸೆಕ್ಷನ್‌ನಲ್ಲಿ ನೋಡೋರು ಹಳಿ ಹತ್ರಾನೇ ನೋಡ್ತಾರೆ. ಬ್ರಾಡ್ ಗೇಜಲ್ಲಿ ಎರಡು ಹಳಿ ಸೆಂಟರ್ ಮಧ್ಯೆ ಸುಮಾರು 1750 ಮಿಲಿಮೀಟರ್, ಅಲ್ಲಿ 100 ಮಿಲಿಮೀಟರ್ ಎತ್ತಿದ್ರೆ 4 ಮೀಟರ್ ಎತ್ತರದಲ್ಲಿ ಗಾಡಿ ತಲೆ ಒಳಗಡೆಗೆ ಹತ್ತಿರ ಹತ್ತಿರ 23 ಸೆಂಟಿಮೀಟರ್ ವಾಲುತ್ತೆ. ಅಂಗಳದಲ್ಲಿ ಅದು ಏನೂ ಅಲ್ಲ, ಟನಲ್ ಒಳಗೆ ಅದೇ ಜೀವ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ಘಾಟಿ ಲೈನ್ ನೋಡು, 55 ಕಿಲೋಮೀಟರಲ್ಲಿ 57 ಟನಲ್ಲು, ಐವತ್ತಕ್ಕೆ ಒಂದು ಏರು, ಮೀಟರ್ ಗೇಜಾಗಿ ಹುಟ್ಟಿ ಬ್ರಾಡ್ ಗೇಜ್ ಆದ ಲೈನು. ಇಂಥ ಕಡೆ ಹಳೇ ಡ್ರಾಯಿಂಗ್ ನಂಬ್ಕೊಂಡು ಮೇಲೆ ಕರೆಂಟ್ ವೈರ್ ಎಳೀತೀನಿ ಅಂದ್ರೆ ಆಗುತ್ತಾ? ಬಂಡೆ ಒಡೆದೋನು ಡ್ರಾಯಿಂಗ್ ನೋಡ್ಕೊಂಡು ಒಡೆದಿರಲ್ಲ.

ನಾನು ಮಲೆನಾಡಿನ ಇಂಥದ್ದೇ ಒಂದು ಹಳೇ ಟನಲ್ಲು ಲೇಸರ್ ಸ್ಕ್ಯಾನ್ ಮಾಡಿದ್ದೆ, ಮಳೆಗಾಲ, ಸ್ಕ್ಯಾನರ್ ಕಾಲಿಗಿಂತ ನನ್ನ ಕಾಲಿಗೇ ಇಂಬಳ ಜಾಸ್ತಿ. ಪಾಯಿಂಟ್ ಕ್ಲೌಡ್ (ಸ್ಕ್ಯಾನಲ್ಲಿ ಸಿಕ್ಕ ಚುಕ್ಕಿಗಳ ರಾಶಿ) ಒಳಗೆ ಗಾಡಿ ಆಕಾರನ ಕ್ಯಾಂಟ್ ಕೊಟ್ಟು ಓಡಿಸಿದ್ವಿ, ಒಂದು ಕಡೆ ಬಲಗಡೆ ಭುಜದ ಹತ್ರ ಬಂಡೆ ಒಂದು ಗೇಣು ಒಳಗೆ ಚಾಚ್ಕೊಂಡಿದೆ, ಕಣ್ಣಿಗೆ ಕಾಣಿಸ್ತಾನೇ ಇರ್ಲಿಲ್ಲ. ಅಂಥದ್ದಕ್ಕೆ ಮಾಡೆಲ್ ಬೇಕು. ಬಣ್ಣ ಬಣ್ಣದ ವಿಡಿಯೋಗಲ್ಲ.

ಸೈಟ್ ಸಿದ್ದ:

ಎಲ್ಲಾ ಸರಿ ಸ್ವಾಮಿ, ನೆಲದ ಮೇಲಿನ ಮಾತೂ ಒಂದು ಇರ್ಲಿ. ನಾನು ಹಿಂದೆ ಇದ್ದ ಒಂದು ಕಡೆ ಮೊದಲು ಕಟ್ಟೋದು, ಆಮೇಲೆ ಮಾಡೆಲ್ ಮಾಡೋದು, ಯಾಕಂದ್ರೆ ಬಿಲ್ ಪಾಸಾಗೋಕೆ ಮಾಡೆಲ್ ಸಬ್‌ಮಿಟ್ ಆಗಿರ್ಬೇಕು ಅಂತ ಕಂಡೀಷನ್ ಇತ್ತು. ಅದು ಬಿಮ್ಮಲ್ಲ, ತಿಥಿ ದಿನ ಹಾರ ಹಾಕೋಕೆ ತೆಗೆಸೋ ಫೋಟೋ. ನಾಗ್ಪುರ ಮೆಟ್ರೋದಲ್ಲಿ 5ಡಿ ಬಿಮ್ ಮಾಡಿದ್ರು, ಅಂದ್ರೆ ಮಾಡೆಲ್‌ಗೆ ಯಾವತ್ತು ಏನು ಕಟ್ಬೇಕು ಅನ್ನೋ ತಾರೀಖೂ ಜೋಡಿಸಿ ದುಡ್ಡಿನ ಲೆಕ್ಕಾನೂ ಜೋಡಿಸಿ, ಅಂಥ ಕಡೆ ಕಲಿಯೋಕೆ ಸಿಗುತ್ತೆ. ಹೋಗೋ ಮುಂಚೆ ಒಂದೇ ಪ್ರಶ್ನೆ ಕೇಳು ಪುಟ್ಟ: ಕಂಬಿ ಕಟ್ಟೋ ಮುಂಚೆ ಮಾಡೆಲ್ ನೋಡ್ತೀರಾ ಆಮೇಲಾ?

ಒಪ್ಪಲೇಬೇಕಾದ್ದು ಒಂದಿದೆ. ಪಿಯರ್ ಕ್ಯಾಪಲ್ಲಿ ಕೇಬಲ್ ಡಕ್ಟ್ ಹೋಗೋ ದಾರೀಲೇ ಬೇರಿಂಗ್ ಪೆಡೆಸ್ಟಲ್ (ಗರ್ಡರ್ ಕೂರೋ ಬೇರಿಂಗ್ ಕೆಳಗಿನ ಪೀಠ) ಕಂಬಿ ನಿಂತಿರುತ್ತೆ, ಎರಡೂ ಬೇರೆ ಬೇರೆ ಶೀಟು, ಎರಡೂ ಅಪ್ರೂವ್ಡು. ಬಾರ್ ಬೆಂಡರ್ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ "ಸಾರ್ ಯಾವ್ದು ಬಗ್ಗಿಸ್ಲಿ" ಅಂತಾನೆ. ಅದೊಂದು ಫೋನ್ ಉಳಿಸಿದ್ರೂ ಸಾಕು ಬಿಮ್‌ಗೆ ಕೈ ಮುಗೀತೀನಿ.

ರಿಂಗ್ ನಂಬರ್ 412:

ಧಾರವಾಡದಾಂವ ನಾನು, ಟನಲ್ ಕೆಲಸ. ನಮ್ಮ ಕಡೀಂದೂ ಎರಡು ಮಾತು ಕೇಳ್ರಿ. ಮೆಟ್ರೋ ಪಿಂಕ್ ಲೈನ್‌ದಾಗ ಡೇರಿ ಸರ್ಕಲ್‌ನಿಂದ ನಾಗವಾರದ ತನಕ 13.76 ಕಿಲೋಮೀಟರ್ ನೆಲದ ಕೆಳಗ ಐತಿ, ಒಂಬತ್ತು ಟಿಬಿಎಂ (ಟನಲ್ ಕೊರಿಯೂ ಮಷಿನ್) ಕೊರದಾವು, ಊರ್ಜಾ, ವಿಂಧ್ಯಾ, ತುಂಗಾ, ಭದ್ರಾ ಅಂತೆಲ್ಲಾ ಹೆಸರು. ಬೆಂಗಳೂರಿನ ನೆಲಾ ಅಂದ್ರ ಅರ್ಧ ಮಣ್ಣು, ಅರ್ಧ ಗಟ್ಟಿ ಕಲ್ಲು, ನಡುವ ಗುಂಡು, ಮಷಿನ್ ಒಂದ ನೇರಕ್ಕ ಹೋಗೂದಿಲ್ಲ, ಎತ್ತಿನ ಬಂಡಿ ಹಂಗ ಆಕಡೆ ಈಕಡೆ ಎಳೀತದ.

ಟನಲ್ ರಿಂಗ್ ಅಂದ್ರ ನಾಕೈದು ಸೆಗ್ಮೆಂಟು, ಕಡೀಕ ಒಂದು ಸಣ್ಣ ಕೀ. ರಿಂಗಿನ ಒಂದು ಬದಿ ಅಗಲ ಇನ್ನೊಂದು ಬದಿಗಿಂತ ತುಸು ಹೆಚ್ಚು ಇರ್ತೈತಿ, ಕೀ ಎಲ್ಲಿ ಕೂಡಸ್ತೀರಿ ಅನ್ನೂದರ ಮ್ಯಾಲ ಟನಲ್ ಯಾಕಡೆ ಹೊಳ್ಳತದ ಅನ್ನೂದು. ಹಂಗಾಗಿ ಡಿಸೈನ್ ಮಾಡೆಲ್‌ದಾಗ ಚಂದಾಗಿ ಕುಂತಿದ್ದ ರಿಂಗು ಖರೇ ನೆಲದಾಗ ಬ್ಯಾರೇನ ಇರ್ತೈತಿ. ನಮಗ ಬೇಕಾದ್ದು ಎರಡನೇದ್ದು. ಪ್ರತಿ ರಿಂಗಿಗೂ ನಂಬರು, ಎರಕ ಹೊಯ್ದ ತಾರೀಖು, ಗ್ರೌಟ್ (ರಿಂಗಿನ ಹಿಂದ ತುಂಬೂ ಗಾರೆ) ಎಷ್ಟು ಹೋತು, ಕೀ ಎಲ್ಲಿ, ಸರ್ವೇದಾಗ ಎಷ್ಟು ಸರದದ, ಇಷ್ಟು ಹಾಕಿಟ್ರ ನಾಳೆ 412ನೇ ರಿಂಗಿನ್ಯಾಗ ನೀರು ಒಸರಿದಾಗ ಹುಡುಕೂದು ಐದು ನಿಮಿಷದ ಕೆಲಸ. ಹಾಕದಿದ್ರ ನಾನು ಟಾರ್ಚ್ ಹಿಡಕೊಂಡು ಹೋಗಬೇಕು, ಹೆಸರು ಯಾಕ ಇಟ್ಕೊಂಡೀನಿ ತಿಳೀತಲ್ಲ.

ಐಎಫ್‌ಸಿ 4.3ರಾಗ ನಮ್ಮ ಟನಲ್ಲಿಗೆ ಪೂರ್ತಿ ಜಾಗಾ ಇಲ್ಲರಿ, ಅದಕ್ಕ ಬ್ಯಾರೆ ಕೆಲಸ ನಡದೈತಿ. ಎಲ್ಲಾರೂ ಉಂಡ ಮ್ಯಾಲ ನಮಗ ಎಲಿ ಹಾಕ್ತಾರ.

ಪಿಯರ್‌ಕ್ಯಾಪ್ ಪುಟ್ಟ:

ಅಪ್ಡೇಟ್! ತಡ ಆಯ್ತು, ಸಾರಿ. ಸೈಟ್ ಸರ್ವೇಯರ್ ಹತ್ರ ಹೋದೆ, ಟೀ ಅಲ್ಲ ಮಸಾಲೆ ದೋಸೆ ಆಯ್ತು, ಲೋಕಲ್ ಗ್ರಿಡ್ ಶೀಟ್ ಕೊಟ್ರು. ಸ್ಕೇಲ್ ಫ್ಯಾಕ್ಟರ್ ಮೇಲ್ಗಡೆನೇ ದಪ್ಪಕ್ಷರದಲ್ಲಿ ಬರೆದಿತ್ತು, ಮೂರು ತಿಂಗಳಿಂದ ನಮ್ಮ ಆಫೀಸಿನ ಫೋಲ್ಡರಲ್ಲೂ ಅದೇ ಶೀಟ್ ಇತ್ತು ಅಂತ ಆಮೇಲೆ ಗೊತ್ತಾಯ್ತು. ಪಾಯಿಂಟ್‌ಗಳನ್ನ ನೆಲದ ಅಳತೆಗೆ ತಂದು ಕೂರಿಸಿದೆ, ಪಿಯರ್ 30 ಈಗ 4 ಮಿಲಿಮೀಟರ್. ಮಾಮ, ನಿಮ್ಮ ಕಾಲು ಎಲ್ಲಿದೆ ಹೇಳಿ.

ಮ್ಯಾನೇಜರ್‌ಗೆ ತೋರಿಸ್ದೆ, ಐದು ನಿಮಿಷ ಸುಮ್ಮನೆ ನೋಡಿ "ಲೆಟರ್ ಡಿಲೀಟ್ ಮಾಡು" ಅಂದ್ರು. ಮಾಡೋಕೆ ಹೋದೆ. ಆದ್ರೆ ಸ್ಕೇಲ್ ಸರಿ ಮಾಡಿದ್ಮೇಲೆ ಇಪ್ಪತ್ತೊಂಬತ್ತು ಪಿಯರ್ ಒಂದು ಸೆಂಟಿಮೀಟರ್ ಒಳಗೆ ಬಂದಿದೆ, ಪಿಯರ್ 17 ಮಾತ್ರ 6 ಸೆಂಟಿಮೀಟರ್ ಎಡಕ್ಕೆ. ಅಡ್ಡಕ್ಕೆ ಮಾಮ, ಉದ್ದಕ್ಕಲ್ಲ. ಮೊದಲು ನೋಡಿದಾಗಲೂ ಇದ್ದಿರ್ಬೇಕು, ಆ ಮೂವತ್ತಾರರ ಗಲಾಟೇಲಿ 12, 30 ಬಿಟ್ಟು ಬೇರೆ ಪಿಯರ್ ಅಡ್ಡಕ್ಕೆ ನೋಡೇ ಇರ್ಲಿಲ್ಲ. ಸರ್ವೇಯರ್‌ಗೆ ಫೋನ್ ಮಾಡಿದೆ, ಬೆಳಿಗ್ಗೆ ಆರಕ್ಕೆ ಟೋಟಲ್ ಸ್ಟೇಷನ್ (ಕೋನ, ದೂರ ಅಳೆಯೋ ಸರ್ವೇ ಯಂತ್ರ) ತಗೊಂಡು ಬರ್ತೀನಿ ಅಂದಿದಾರೆ.

ಟೋಟಲ್‌ಸ್ಟೇಷನ್ ಮಾಮ:

ಲೆಟರ್ ಡಿಲೀಟ್ ಮಾಡ್ಬೇಡ. ಮೂವತ್ತು ಅಂತ ಇರೋ ಕಡೆ ಹದಿನೇಳು ಅಂತ ತಿದ್ದಿ ಇಟ್ಕೋ, ಬೆಳಿಗ್ಗೆ ಆರೂವರೆಗೆ ನೋಡೋಣ.