ತಂತ್ರಾಂಶ ಬದಲಿಸಿದ ಮೇಲೆ ಹಲ್ಲಿನ ಸಂಖ್ಯೆಗಳು ಅದಲುಬದಲು: 14 ಇದ್ದದ್ದು 26 ಆಗಿದೆ

ದಂತವೈದ್ಯೆ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಮ್ಮ ಕ್ಲಿನಿಕ್ಕಿನ ಹಳೆಯ ತಂತ್ರಾಂಶ ಬಿಟ್ಟು ಕ್ಲೌಡ್ ತಂತ್ರಾಂಶಕ್ಕೆ ಬಂದಿದ್ದೇವೆ. ಹಳೆಯ ದಾಖಲೆಗಳನ್ನು ಸಿಎಸ್‌ವಿ ಕಡತವಾಗಿ ಕೊಟ್ಟೆವು, ಮಾರಾಟಗಾರರ ಕಡೆಯವರೇ ಸೇರಿಸಿಕೊಟ್ಟರು. ಹೆಸರು, ಫೋನ್, ಬಾಕಿ ಹಣ ಎಲ್ಲವೂ ಸರಿಯಾಗಿ ಬಂದಿವೆ. ಕೆಟ್ಟಿರುವುದು ಹಲ್ಲಿನ ನಕ್ಷೆ.

ಕ್ಲಿಪ್ ಹಾಕಿಸಿಕೊಳ್ಳಲು ಬಂದ ಹುಡುಗಿಯೊಬ್ಬಳಿಗೆ 14, 24, 34, 44 ಈ ನಾಲ್ಕು ಪ್ರೀಮೋಲಾರ್‌ಗಳನ್ನು (ಕೋರೆಹಲ್ಲಿನ ಹಿಂದಿನ ಚಿಕ್ಕ ದವಡೆ ಹಲ್ಲುಗಳನ್ನು) ತೆಗೆಯಬೇಕೆಂದು ಆರ್ಥೋ ತಜ್ಞರು ಬರೆದಿದ್ದರು. ಹೊಸ ತೆರೆಯಲ್ಲಿ 34 ಮತ್ತು 44 ಇಲ್ಲವೇ ಇಲ್ಲ. ಉಳಿದೆರಡು ಬೇರೆ ಜಾಗದಲ್ಲಿ ಗುರುತಾಗಿವೆ. ಸಂಖ್ಯಾ ಪದ್ಧತಿ 'ಯೂನಿವರ್ಸಲ್' ಎಂದಿತ್ತು. ಅದನ್ನು ನಾವು ಬಳಸುವ ಎರಡಂಕಿ ಪದ್ಧತಿಯಾದ 'ಎಫ್‌ಡಿಐ' ಎಂದು ಬದಲಿಸಿದರೆ 14 ಹೋಗಿ 26, 24 ಹೋಗಿ 31 ಆಗುತ್ತದೆ. ಮಕ್ಕಳ ಹಾಲುಹಲ್ಲುಗಳು 'ಹೆಚ್ಚುವರಿ ಹಲ್ಲು' ಎಂದು ಬಂದಿವೆ, 83, 84, 85 ಮಾತ್ರ ಪತ್ತೆಯಿಲ್ಲ. ಸೆಟ್ಟಿಂಗ್ ಬದಲಿಸಿದ ಮೇಲೆ ಎಲ್ಲ ಸರಿಯಾಯಿತು ಎಂದು ಮಾರಾಟಗಾರರು ಹೇಳುತ್ತಿದ್ದಾರೆ. ನನಗೆ ಹಾಗೆ ಕಾಣುತ್ತಿಲ್ಲ.

ಕೋಷ್ಟಕ

ಡಾಕ್ಟರೇ, ಸರಿಯಾಗಿಲ್ಲ. ಮೊದಲು ಒಂದು ಕೆಲಸ ಮಾಡಿ: ಈ ನಕ್ಷೆ ನೋಡಿಕೊಂಡು ಯಾರ ಹಲ್ಲನ್ನೂ ಕೀಳಬಾರದು, ರೂಟ್ ಕೆನಾಲ್ ಶುರು ಮಾಡಬಾರದು ಎಂದು ನಿಮ್ಮಲ್ಲಿಗೆ ಬಂದುಹೋಗುವ ತಜ್ಞರಿಗೂ ಸಹಾಯಕರಿಗೂ ಇವತ್ತೇ ತಿಳಿಸಿ. ಕಾಗದದ ಕೇಸ್ ಶೀಟ್ ಮತ್ತು ಎಕ್ಸ್‌ರೇ ಮಾತ್ರ ನಂಬಿ.

ಆಗಿರುವುದು ಇಷ್ಟು. ನಿಮ್ಮ ಕಡತದಲ್ಲಿದ್ದದ್ದು ಎಫ್‌ಡಿಐ ಸಂಖ್ಯೆ. ಮೊದಲ ಅಂಕಿ ಬಾಯಿಯ ಯಾವ ಕಾಲುಭಾಗ ಎನ್ನುವುದು, ಎರಡನೆಯದು ನಡುಗೆರೆಯಿಂದ ಎಷ್ಟನೆಯ ಹಲ್ಲು ಎನ್ನುವುದು. ಸೇರಿಸುವಾಗ ಅದನ್ನು ಅಮೆರಿಕದ ಯೂನಿವರ್ಸಲ್ ಸಂಖ್ಯೆ ಎಂದು ಓದಲಾಗಿದೆ. ಅಲ್ಲಿ ಮೇಲಿನ ಬಲಗಡೆಯ ಬುದ್ಧಿಹಲ್ಲಿನಿಂದ ಶುರುವಾಗಿ ಕೆಳಗಿನ ಬಲಗಡೆಯ ಬುದ್ಧಿಹಲ್ಲಿನವರೆಗೆ 1ರಿಂದ 32ರ ತನಕ ಒಂದೇ ಎಣಿಕೆ. ಹಾಗಾಗಿ ನಿಮ್ಮ 33ರಿಂದ 38, 41ರಿಂದ 48 ಅಲ್ಲಿ ಇಲ್ಲದ ಹಲ್ಲುಗಳು. ಅವು ತಿರಸ್ಕೃತವಾಗಿವೆ. ನನಗೆ ಹೆಚ್ಚು ಭಯವಿರುವುದು ಸ್ವೀಕೃತವಾದವುಗಳ ಬಗ್ಗೆ. ಯೂನಿವರ್ಸಲ್ 14 ಎಂದರೆ ಮೇಲಿನ ಎಡಗಡೆಯ ಮೊದಲ ದವಡೆ ಹಲ್ಲು, ನಿಮ್ಮ ಲೆಕ್ಕದ 26. ಯೂನಿವರ್ಸಲ್ 24 ಎಂದರೆ ಕೆಳಗಿನ ಬಾಚಿಹಲ್ಲು, ನಿಮ್ಮ 31. ಆ ಹುಡುಗಿಯ ವಿಷಯದಲ್ಲಿ ಇದನ್ನು ನಂಬಿದ್ದರೆ ಏನಾಗುತ್ತಿತ್ತು ಎಂದು ನಿಮಗೆ ಹೇಳಬೇಕಿಲ್ಲ.

ಸೆಟ್ಟಿಂಗ್ ಬದಲಿಸುವುದರಿಂದ ಒಳಗಿನ ದತ್ತಾಂಶ ಬದಲಾಗುವುದಿಲ್ಲ, ತೋರಿಸುವ ರೀತಿ ಮಾತ್ರ ಬದಲಾಗುತ್ತದೆ. ಓಪನ್ ಡೆಂಟಲ್‌ನಂಥ ತಂತ್ರಾಂಶದಲ್ಲೂ ತೆರೆಯ ಮೇಲೆ ಯಾವ ಪದ್ಧತಿ ಆರಿಸಿದರೂ ಒಳಗೆ ಉಳಿಯುವುದು ಯೂನಿವರ್ಸಲ್ ಸಂಖ್ಯೆಯೇ. ಈಗ ನಿಮ್ಮಲ್ಲಿ ತಪ್ಪು ಹಲ್ಲು ಸರಿಯಾದ ಭಾಷೆಯಲ್ಲಿ ಕಾಣುತ್ತಿದೆ, ಆದ್ದರಿಂದ ಕಣ್ಣಿಗೆ ಬೀಳುವುದು ಇನ್ನೂ ಕಷ್ಟ.

ಹಾಲುಹಲ್ಲಿನ ಒಗಟೂ ಇಲ್ಲೇ ಬಿಡಿಸಿಕೊಳ್ಳುತ್ತದೆ. ಯೂನಿವರ್ಸಲ್‌ನಲ್ಲಿ ಹೆಚ್ಚುವರಿ ಹಲ್ಲಿಗೆ ಪಕ್ಕದ ಹಲ್ಲಿನ ಸಂಖ್ಯೆಗೆ 50 ಕೂಡಿಸುತ್ತಾರೆ, ಅಂದರೆ 51ರಿಂದ 82. ಎಫ್‌ಡಿಐನಲ್ಲಿ ಹಾಲುಹಲ್ಲುಗಳಿಗೆ 51ರಿಂದ 85ರೊಳಗಿನ ಸಂಖ್ಯೆಗಳಿರುವುದರಿಂದ ನಿಮ್ಮಲ್ಲಿನ ಮಕ್ಕಳ ದಾಖಲೆಗಳು ಆ ಬಾಗಿಲಿನಿಂದ ಒಳಗೆ ಬಂದಿವೆ. 83, 84, 85 ಹೊರಗೇ ಉಳಿದಿವೆ.

ದಂತವೈದ್ಯೆ, ದಾವಣಗೆರೆ

ತುಂಬಾ ಉಪಕಾರವಾಯಿತು. ಎಲ್ಲರಿಗೂ ತಿಳಿಸಿದ್ದೇನೆ. ಕೆಳದವಡೆಯ ರೂಟ್ ಕೆನಾಲ್‌ಗಳು ಏಕೆ ಮಾಯವಾದವು ಎಂಬುದೂ ಈಗ ಅರ್ಥವಾಯಿತು. ಆದರೆ ವರ್ಗಾವಣೆಯಾದ ಮೇಲೆ ಹೊಸ ರೋಗಿಗಳನ್ನು ನಕ್ಷೆಯ ಮೇಲೆಯೇ ಹಲ್ಲು ಮುಟ್ಟಿ ದಾಖಲಿಸಿದ್ದೇವೆ. ಒಳಗಿರುವುದನ್ನೆಲ್ಲ ಒಮ್ಮೆಲೇ ಪರಿವರ್ತಿಸಿದರೆ ಅವೂ ಕೆಡುವುದಿಲ್ಲವೇ?

ಕೋಷ್ಟಕ

ಖಂಡಿತ ಕೆಡುತ್ತವೆ. ಆದ್ದರಿಂದ ಒಳಗಿರುವುದನ್ನು ತಿದ್ದಲು ಹೋಗಬೇಡಿ. ಮೊದಲು ಈಗಿನ ಸ್ಥಿತಿಯ ಪೂರ್ಣ ಬ್ಯಾಕಪ್ ಪಡೆಯಿರಿ. ಆಮೇಲೆ ವರ್ಗಾವಣೆಯಿಂದ ಬಂದ ಹಲ್ಲಿನ ದಾಖಲೆಗಳನ್ನು ಮಾತ್ರ ಅಳಿಸಲು ಲಿಖಿತವಾಗಿ ಕೇಳಿ. ಒಂದೇ ಕಂತಿನಲ್ಲಿ ಬಂದ ಸಾಲುಗಳನ್ನು ಅವರು ಗುರುತಿಸಬಲ್ಲರು. ಮೂಲ ಕಡತದಿಂದ ಮತ್ತೆ ಸೇರಿಸುವಾಗ 'ಆಕರ ಪದ್ಧತಿ ಎಫ್‌ಡಿಐ' ಎಂದು ಆರಿಸುವ ಅವಕಾಶವಿದೆಯೇ ಕೇಳಿ. ಇದ್ದರೆ ಅಷ್ಟೇ ಸಾಕು. ಇಲ್ಲದಿದ್ದರೆ ನೀವೇ ಪರಿವರ್ತಿಸಿ ಕೊಡಿ, ಎರಡನ್ನೂ ಒಟ್ಟಿಗೆ ಮಾಡಬೇಡಿ.

ಲೆಕ್ಕ ಸುಲಭ. ಎಫ್‌ಡಿಐ ಸಂಖ್ಯೆಯ ಬಿಡಿ ಸ್ಥಾನದ ಅಂಕಿಯನ್ನು ತೆಗೆದುಕೊಳ್ಳಿ. ಹತ್ತರ ಸ್ಥಾನದಲ್ಲಿ 1 ಇದ್ದರೆ ಅದನ್ನು 9ರಿಂದ ಕಳೆಯಿರಿ, 2 ಇದ್ದರೆ 8ಕ್ಕೆ ಕೂಡಿಸಿ, 3 ಇದ್ದರೆ 25ರಿಂದ ಕಳೆಯಿರಿ, 4 ಇದ್ದರೆ 24ಕ್ಕೆ ಕೂಡಿಸಿ. ಹೀಗೆ 14 ಎಂಬುದು 5 ಆಗುತ್ತದೆ, 36 ಎಂಬುದು 19, 46 ಎಂಬುದು 30. ಹಾಲುಹಲ್ಲಿಗೆ ಅಕ್ಷರಗಳು: 55ರಿಂದ 51ರವರೆಗೆ ಎ ಇಂದ ಇ, 61ರಿಂದ 65 ಎಫ್ ಇಂದ ಜೆ, 75ರಿಂದ 71 ಕೆ ಇಂದ ಓ, 81ರಿಂದ 85 ಪಿ ಇಂದ ಟಿ.

ಹುಡುಕಿ ಬದಲಿಸುವ ಸೌಲಭ್ಯವನ್ನು ಮಾತ್ರ ಬಳಸಬೇಡಿ. ಮೊದಲು 26 ಅನ್ನು 14 ಮಾಡಿ, ಆಮೇಲೆ 14 ಅನ್ನು 5 ಮಾಡಿದರೆ ಎರಡು ಬೇರೆ ಹಲ್ಲುಗಳು ಒಂದೇ ಆಗುತ್ತವೆ. ಪಕ್ಕದಲ್ಲಿ ಹೊಸ ಅಂಕಣ ತೆರೆದು ಸೂತ್ರದಿಂದ ತುಂಬಿಸಿ. ಹಳೆಯ ಸಂಖ್ಯೆ ಷರಾ ಅಂಕಣದಲ್ಲಿ ಹಾಗೆಯೇ ಇರಲಿ.

ಕಡಲತೀರದ ಕ್ಲಿನಿಕ್

ನಡುವೆ ಬಂದೆ, ಕ್ಷಮಿಸಿ. ಸಿಎಸ್‌ವಿ ಕಡತವನ್ನು ನೇರವಾಗಿ ಎಕ್ಸೆಲ್‌ನಲ್ಲಿ ತೆರೆಯಬೇಡಿ ಮೇಡಂ. ಬ್ರಿಡ್ಜ್ (ಪಕ್ಕದ ಹಲ್ಲುಗಳ ಆಧಾರದಲ್ಲಿ ಕೂರಿಸುವ ಕೃತಕ ಹಲ್ಲು) ಹಾಕಿದ ಕಡೆ '11-12' ಎಂದು ಬರೆದಿದ್ದರೆ ಅದು ದಿನಾಂಕವಾಗಿಬಿಡುತ್ತದೆ. ಹಾಗೆಯೇ ಉಳಿಸಿದರೆ ಹಲ್ಲಿನ ಸಂಖ್ಯೆ ಹೋದಂತೆಯೇ. ದತ್ತಾಂಶ ಆಮದು ಮಾಡುವ ದಾರಿಯಲ್ಲಿ ಹೋಗಿ ಆ ಅಂಕಣವನ್ನು 'ಪಠ್ಯ' ಎಂದು ಗುರುತಿಸಿ. ಒಂದೇ ಕೋಶದಲ್ಲಿ ಎರಡು ಮೂರು ಹಲ್ಲುಗಳಿದ್ದರೆ ಮೊದಲು ಬೇರೆ ಬೇರೆ ಸಾಲು ಮಾಡಿಕೊಳ್ಳಿ, ಸೂತ್ರ ಆಮೇಲೆ.

ದಂತವೈದ್ಯೆ, ದಾವಣಗೆರೆ

ಕೆಲಸವಾಯಿತು. ಆಮದಿನಲ್ಲಿ ಆಕರ ಪದ್ಧತಿ ಆರಿಸುವ ಅವಕಾಶ ಇರಲಿಲ್ಲ, ನಾವೇ ಪರಿವರ್ತಿಸಿದೆವು. ಮೊದಲು ಕೆಲವೇ ರೋಗಿಗಳನ್ನು ಪರೀಕ್ಷೆಗಾಗಿ ಸೇರಿಸಿದೆವು: ಬಾಯಿಯ ನಾಲ್ಕೂ ಭಾಗಗಳಲ್ಲಿ ಕೆಲಸವಾದವರು, ಬ್ರಿಡ್ಜ್ ಇರುವವರು, ಹಾಲುಹಲ್ಲಿನ ಮಕ್ಕಳು, ಜೊತೆಗೆ ಆ ಆರ್ಥೋ ಪ್ರಕರಣ. ಪ್ರತಿಯೊಬ್ಬರ ಎಕ್ಸ್‌ರೇ ಪಕ್ಕದಲ್ಲಿಟ್ಟು ನೋಡಿದ ಮೇಲೆಯೇ ಉಳಿದವರನ್ನು ಸೇರಿಸಲು ಒಪ್ಪಿದೆ. '11-12' ಮಾದರಿಯ ಸಾಲುಗಳು ನಮ್ಮಲ್ಲೂ ಇದ್ದವು, ಆ ಎಚ್ಚರಿಕೆಗೆ ಧನ್ಯವಾದ.

ಇನ್ನೊಂದು ವಿಷಯ, ಬೇರೆಯವರಿಗೂ ಬೇಕಾಗಬಹುದು. ಮೊದಲ ಸಲದ ಆಮದು ವರದಿಯನ್ನು ಕೇಳಿ ತರಿಸಿಕೊಂಡೆ. ತಿರಸ್ಕೃತವಾದ ಪ್ರತಿ ಸಾಲೂ ಅದರಲ್ಲಿ 'ಅಮಾನ್ಯ ಹಲ್ಲು' ಎಂಬ ಕಾರಣದೊಂದಿಗೆ ದಾಖಲಾಗಿತ್ತು, ನಮಗೆ ಯಾರೂ ಕೊಟ್ಟಿರಲಿಲ್ಲ ಅಷ್ಟೇ. ಆ ವರದಿ ಕೈಗೆ ಬಂದು, ತಿರಸ್ಕೃತ ಸಾಲುಗಳಿಗೆ ವಿವರಣೆ ಸಿಗುವವರೆಗೆ ಹಳೆಯ ತಂತ್ರಾಂಶವನ್ನು ತೆಗೆದುಹಾಕಬೇಡಿ.