ಸೂರಿನಂಚಿನ ಮರಗೆತ್ತನೆಗೆ ನಿಮ್ಮ ಕಡೆ ಏನೆನ್ನುತ್ತಾರೆ?

ಪದಚರ್ಚೆಯ ಬಳಗಕ್ಕೆ ನಮಸ್ಕಾರ.

ಒಂದು ಪದಕ್ಕಾಗಿ ಮೂರು ವಾರದಿಂದ ತಡಕಾಡುತ್ತಿದ್ದೇನೆ. ಕ್ಯಾಲಿಫೋರ್ನಿಯಾದ ಅನಹೈಮ್‌ನಲ್ಲಿರುವ ಡಿಸ್ನಿಲ್ಯಾಂಡಿನ ರೈಲು ನಿಲ್ದಾಣಗಳ ಬಗೆಗಿನ ಒಂದು ಚಿತ್ರಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಇಂಜಿನ್ನು, ಹಳಿ, ಗಡಿಯಾರದ ಗೋಪುರ ಎಲ್ಲವೂ ಸಲೀಸಾಗಿ ಬಂದವು. ನ್ಯೂ ಆರ್ಲಿಯನ್ಸ್ ಸ್ಕ್ವೇರ್ ನಿಲ್ದಾಣದ ಮರದ ಕಟ್ಟಡದಲ್ಲಿ ಸೂರಿಗೆ ಹೊಡೆದಿರುವ ಕೆತ್ತನೆಯ ಹಲಗೆಗಳ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ. ಇಂಗ್ಲಿಷಿನಲ್ಲಿ ಇಂಥ ಕೆಲಸಕ್ಕೆ ‘ಜಿಂಜರ್‌ಬ್ರೆಡ್’ ಎಂದೇ ಹೆಸರು. ಯಂತ್ರಾನುವಾದವೊಂದು ಇದನ್ನು ‘ಶುಂಠಿ ರೊಟ್ಟಿ’ ಎಂದು ಕೊಟ್ಟಿತು. ರೊಟ್ಟಿಯಿಂದ ಅಲಂಕರಿಸಿದ ರೈಲು ನಿಲ್ದಾಣ ಎಂಬ ಸಾಲನ್ನು ಓದಿ ನಿಜವಾಗಿಯೂ ಸಂಕಟವಾಯಿತು.

ಕಟ್ಟಡದ ಕಥೆಯನ್ನು ಸ್ವಲ್ಪ ಹೇಳುತ್ತೇನೆ, ಪದ ಆರಿಸಲು ಅದು ಬೇಕು. 1940ರ ದಶಕದ ಕೊನೆಯಲ್ಲಿ ಡಿಸ್ನಿಯ ಒಂದು ಚಲನಚಿತ್ರಕ್ಕಾಗಿ ಹಳ್ಳಿಯ ರೈಲು ನಿಲ್ದಾಣದ ಸೆಟ್ ಹಾಕಿದ್ದರು. ಚಿತ್ರ ಮುಗಿದ ಮೇಲೆ ಅದು ಡಿಸ್ನಿಯ ಚಿತ್ರಕಾರ ವಾರ್ಡ್ ಕಿಂಬಲ್ ಅವರ ಪಾಲಾಯಿತು. ಅವರು ತಮ್ಮ ಹಿತ್ತಿಲಿನಲ್ಲಿ ಓಡಿಸುತ್ತಿದ್ದ ರೈಲಿಗೆ ಅದನ್ನೇ ನಿಲ್ದಾಣ ಮಾಡಿಕೊಂಡರು. ಅದೇ ವಿನ್ಯಾಸದಲ್ಲಿ ಪಾರ್ಕಿನಲ್ಲಿ ಇನ್ನೊಂದನ್ನು ಕಟ್ಟಿದರು. 1962ರಲ್ಲಿ ಅದನ್ನು ಹಳಿಯ ಆಚೆ ಬದಿಗೆ ಸರಿಸಿದರು. ಹೀಗಾಗಿ ಇಂದು ಜನ ರೈಲು ಹತ್ತುವುದು ಈಚೆಯ ಪ್ಲಾಟ್‌ಫಾರಮ್ಮಿನಿಂದ, ಕಟ್ಟಡ ಆಚೆ ನಿಂತಿರುತ್ತದೆ. ಅದರೊಳಗಿನಿಂದ ಟೆಲಿಗ್ರಾಫಿನ ಟಕ್ ಟಕ್ ಸದ್ದು ಕೇಳುತ್ತಿರುತ್ತದೆ. 1955ರ ಜುಲೈ 17ರಂದು ವಾಲ್ಟ್ ಡಿಸ್ನಿ ಮಾಡಿದ ಉದ್ಘಾಟನಾ ಭಾಷಣದ ಮೊದಲ ಸಾಲುಗಳನ್ನು ಅಮೆರಿಕದ ಹಳೆಯ ಮೋರ್ಸ್ ಸಂಕೇತದಲ್ಲಿ ಅದು ಬಡಿಯುತ್ತದೆ. ಆ ಸದ್ದಿನ ಗುಟ್ಟನ್ನು ಬಲ್ಲವರು ಬೇಕಾದಷ್ಟಿದ್ದಾರೆ. ಅದೇ ಕಟ್ಟಡದ ಸೂರಿನತ್ತ ತಲೆಯೆತ್ತಿ ನೋಡುವವರು ಕಡಿಮೆ. ಮಾಡಿನ ತ್ರಿಕೋನದ ಅಂಚಿಗೆ ಗರಗಸದಿಂದ ಬಳುಕಾಗಿ ಕೊರೆದ ಮರದ ಅಲಂಕಾರವಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಉಗಿಯಂತ್ರದ ಸಣ್ಣಲಗಿನ ಗರಗಸ ಬಂದ ಮೇಲೆ ಅಮೆರಿಕದ ಸಾಮಾನ್ಯರ ಮನೆಗೂ ಎಟುಕಿದ ಸೊಗಸು ಇದು. ಪಾರ್ಕಿನ ನಿಲ್ದಾಣ ಆ ಕಾಲವನ್ನು ನೆನಪಿಸುವುದೇ ಈ ಹಲಗೆಗಳಿಂದ.

ಇನ್ನು ಪದಕ್ಕೆ ಬರುತ್ತೇನೆ. ‘ಜಿಂಜರ್‌ಬ್ರೆಡ್’ನಲ್ಲಿ ಮೊದಲಿಗೆ ಬ್ರೆಡ್ ಇರಲಿಲ್ಲ. ಹಳೆಯ ಫ್ರೆಂಚಿನಲ್ಲಿ ಪಾಕ ಹಾಕಿಟ್ಟ ಶುಂಠಿಗೆ ‘ಜಿಂಜಂಬ್ರಾ’ ಎಂಬಂಥ ಹೆಸರಿತ್ತು. ಅದರ ಕೊನೆ ಇಂಗ್ಲಿಷರ ಕಿವಿಗೆ ‘ಬ್ರೆಡ್’ ಎಂದು ಕೇಳಿತು. ಮುಂದೆ ಅದು ಶುಂಠಿ ಹಾಕಿದ ಸಿಹಿ ತಿನಿಸಿನ ಹೆಸರಾಯಿತು. ಜಾತ್ರೆಗಳಲ್ಲಿ ಆ ತಿನಿಸನ್ನು ಅಚ್ಚೊತ್ತಿ, ಚಿನ್ನದ ಬಣ್ಣದ ರೇಕು ಅಂಟಿಸಿ ಮಾರುತ್ತಿದ್ದರು. ಹಡಗುಗಳ ಮೇಲಿನ ಚಿನ್ನದ ಬಣ್ಣದ ಕೆತ್ತನೆಗೆ ನಾವಿಕರು ಅದೇ ಹೆಸರಿಟ್ಟರು. ಹಡಗಿನಿಂದ ಮನೆಯ ಸೂರಿಗೆ ಪದ ಹತ್ತಿತು. ಇನ್ನೂ ಹಿಂದಕ್ಕೆ ಹೋದರೆ ನಮ್ಮ ಅಂಗಳಕ್ಕೇ ಬರುತ್ತೇವೆ. ಲ್ಯಾಟಿನ್ನಿನ ‘ಜಿಂಗಿಬರ್’, ಗ್ರೀಕಿನ ‘ಜಿಂಗಿಬೆರಿಸ್’, ಪಾಲಿಯ ‘ಸಿಂಗಿವೇರ’, ಅದರ ಹಿಂದೆ ‘ಇಂಜಿ’ ಮತ್ತು ‘ವೇರ್’ ಎಂಬ ದ್ರಾವಿಡ ಪದಗಳು. ಸಂಸ್ಕೃತದ ‘ಶೃಂಗವೇರ’ದಲ್ಲಿ ಕೊಂಬಿನ ಅರ್ಥ ಬಂದು ಸೇರಿಕೊಂಡಿತು. ಆ ‘ವೇರ್’ ಎಂದರೆ ನಮ್ಮ ‘ಬೇರು’. ಅಮೆರಿಕದ ಆ ಹಲಗೆಯ ಹೆಸರಿನಲ್ಲಿ ಕನ್ನಡದ ಬೇರು ಅಡಗಿದೆ ಎಂದು ತಿಳಿದ ದಿನ ಕೆಲಸ ಬಿಟ್ಟು ಮನೆಯವರಿಗೆಲ್ಲ ಹೇಳಿದೆ.

ಹಾಗೆಂದು ಶುಂಠಿಯನ್ನು ಅನುವಾದದಲ್ಲಿ ಉಳಿಸಿಕೊಳ್ಳಲಾಗದು. ನಾನು ತೂಗಿ ನೋಡಿದ ಪದಗಳು ಇವು. ‘ಕಪೋತ’ ಎಂದರೆ ಗೋಡೆಯಿಂದ ಮುಂಚಾಚಿದ ಬಾಗಿದ ಅಂಚು, ಆದರೆ ಅದು ಕಲ್ಲಿನದು, ದೇವಾಲಯದ್ದು. ಮರದ ಪುಟ್ಟ ನಿಲ್ದಾಣಕ್ಕೆ ಭಾರವಾಗುತ್ತದೆ. ‘ಲೋವೆ’ ಚಂದದ ಪದ, ಆದರೆ ಅದು ಮುಂಚಾಚಿದ ಅಂಚನ್ನೇ ಹೇಳುತ್ತದೆ, ಅಂಚಿಗೆ ಹೊಡೆದ ಕೆತ್ತನೆಯನ್ನಲ್ಲ. ‘ಜಾಲರಿ’ಯನ್ನು ಪಲ್ಲಕ್ಕಿಯ ಬಟ್ಟೆಯಂಚಿಗೆ ಹೇಳುವುದುಂಟು. ಇಂದಿನ ಓದುಗರಿಗೆ ಮಾತ್ರ ಅದು ಕಿಟಕಿಯ ಕಬ್ಬಿಣದ ಬಲೆ. ‘ತೋರಣ’ ಬಾಗಿಲಿಗೇ ಇರಲಿ.

ಉಳಿದದ್ದು ‘ಸೂರು’. ಈಗ ಪತ್ರಿಕೆಗಳಲ್ಲಿ ‘ಬಡವರಿಗೆ ಸೂರು’ ಎಂದರೆ ಮನೆ ಎಂದರ್ಥ. ಅದರ ಹಳೆಯ ಅರ್ಥ ಮಾಡಿನ ಇಳಿಯಂಚು. ತೆಲುಗಿನ ‘ಚೂರು’ ಇಂದಿಗೂ ಆ ಅರ್ಥದಲ್ಲೇ ನಿಂತಿದೆ, ನಮ್ಮಲ್ಲಿಯೂ ‘ಸೂರಿನ ನೀರು’ ಎನ್ನುವಾಗ ಅದೇ ಅರ್ಥ ಉಳಿದಿದೆ. ಬೆಂಗಳೂರಿನ ಹಳೆಯ ಬಂಗಲೆಗಳ ಕಿಟಕಿಯ ಮೇಲೆ ಮರದ ಪಟ್ಟಿಗಳ ಚೂಪು ಚಾಚು ಇರುತ್ತದಲ್ಲ, ಎಲ್ಲರೂ ‘ಮಂಕಿ ಟಾಪ್’ ಎನ್ನುವುದು, ಬಸವನಗುಡಿಯ ನನ್ನ ಸೋದರಮಾವನ ಮನೆಗೂ ಒಂದಿತ್ತು. ಪಟ್ಟಿಗಳ ತುದಿಯನ್ನು ಈಟಿಯ ಮೊನೆಯಂತೆ ಕತ್ತರಿಸಿದ್ದರು. ಮಳೆ ನಿಂತ ಮೇಲೂ ಒಂದೊಂದು ಮೊನೆಯಲ್ಲಿ ಒಂದೊಂದು ಹನಿ ತುಂಬಿಕೊಂಡು, ತೂಗಿ, ಬೀಳುತ್ತಿತ್ತು. ನಾವು ಮಕ್ಕಳು ಯಾವ ಮೊನೆಯದು ಮೊದಲು ಬೀಳುತ್ತದೆ ಎಂದು ಪಂತ ಕಟ್ಟುತ್ತಿದ್ದೆವು. ನೀರು ಮರದ ಅಂಚಿನಲ್ಲಿ ಹರಡಿ ನಿಲ್ಲದೆ ಮೊನೆಯಿಂದ ಜಾರಿಹೋಗಲಿ ಎಂದೇ ಆ ಆಕಾರ ಎಂಬುದು ದೊಡ್ಡವಳಾದ ಮೇಲೆ ತಿಳಿಯಿತು. ಅತ್ತೆ ಅದನ್ನು ‘ಕಿಟಕಿಯ ಕೊಡೆ’ ಎನ್ನುತ್ತಿದ್ದರು. ಆ ಮಾತು ನನಗೆ ಈಗಲೂ ‘ಮಂಕಿ ಟಾಪ್’ಗಿಂತ ಪ್ರಿಯ.

ಕಳೆದ ವಾರ ‘ಕುಸುರಿ’ ನೆನಪಾಯಿತು. ಕುಸುರಿ ಕೆಲಸ ಎಂದರೆ ನಯವಾದ, ಸಣ್ಣ ಸಣ್ಣ ಕೆತ್ತನೆ. ಅದೇ ಪದ ಸಂಕ್ರಾಂತಿಯ ಕುಸುರೆಳ್ಳಿನಲ್ಲಿಯೂ ಇದೆ. ಎಳ್ಳಿಗೆ ಸಕ್ಕರೆ ಪಾಕವನ್ನು ಹನಿ ಹನಿಯಾಗಿ ಹಾಕುತ್ತ, ಕೈಯಾಡಿಸುತ್ತ, ಮುಳ್ಳು ಮುಳ್ಳಾಗಿ ಬರಿಸುವ ಸಿಹಿ. ಇಂಗ್ಲಿಷಿನಲ್ಲಿ ತಿನಿಸಿನ ಹೆಸರು ಮರಗೆಲಸಕ್ಕೆ ಹೋಯಿತು. ಕನ್ನಡದಲ್ಲಿ ಒಂದೇ ಪದ ತಿನಿಸನ್ನೂ ಮರಗೆಲಸವನ್ನೂ ಮೊದಲೇ ಹಿಡಿದಿಟ್ಟುಕೊಂಡಿದೆ. ಆದ್ದರಿಂದ ‘ಸೂರಿನ ಕುಸುರಿ’ ಎಂದು ಬರೆಯಬೇಕೆಂದಿದ್ದೇನೆ. ಸಮಾಸ ಮಾಡಿದರೆ ಆದೇಶಸಂಧಿಯಾಗಿ ‘ಸೂರುಗುಸುರಿ’ ಆಗಬೇಕು. ವ್ಯಾಕರಣಕ್ಕೆ ಸರಿ, ಆದರೆ ‘ಕುಸುರಿ’ ಎಂಬುದು ಅಲ್ಲಿ ಕಿವಿಗೆ ಕಾಣೆಯಾಗುತ್ತದೆ. ವ್ಯಾಕರಣ ಬಲ್ಲ ಹಿರಿಯರು ಬೇಡವೆಂದರೂ ನಾನು ಬಿಡಿಸಿ ಬರೆಯುವುದರ ಪರ.

ಕೇಳಬೇಕಾದದ್ದು ಇಷ್ಟು. ಮಲೆನಾಡು, ಕರಾವಳಿಯ ಹೆಂಚಿನ ಮನೆಗಳಲ್ಲಿ ಪಕಾಸುಗಳ, ಅಂದರೆ ಮಾಡಿನ ಇಳಿಜಾರು ಮರಗಳ, ತುದಿ ಮುಚ್ಚಲು ಅಡ್ಡಲಾಗಿ ಒಂದು ಹಲಗೆ ಹೊಡೆಯುತ್ತಾರೆ. ಕೆಲವೆಡೆ ಅದರ ಕೆಳಗಂಚನ್ನು ಬಳ್ಳಿಯಂತೆ ಕೊರೆದಿರುತ್ತಾರೆ. ನಿಮ್ಮೂರಿನ ಬಡಗಿಗಳು ಆ ಹಲಗೆಗೆ ಏನೆನ್ನುತ್ತಾರೆ? ಶಿರಸಿ, ತೀರ್ಥಹಳ್ಳಿ, ಕುಂದಾಪುರದ ಕಡೆಯವರು ದಯವಿಟ್ಟು ಮನೆಯ ಹಿರಿಯರನ್ನೊಮ್ಮೆ ವಿಚಾರಿಸಿ. ಬಡಗಿಯ ಬಾಯಲ್ಲಿರುವ ಪದ ಸಿಕ್ಕರೆ ನನ್ನದನ್ನು ಬಿಟ್ಟು ಅದನ್ನೇ ಹಾಕುತ್ತೇನೆ. ಲೇಖನ ಅಚ್ಚಿಗೆ ಹೋಗಲು ಇನ್ನೂ ಹತ್ತು ದಿನವಿದೆ.