ಪುಟ್ಟಿ ಕೇಳಿದ್ದಕ್ಕೆ ಚಿಕ್ಕಮ್ಮನ ಉದ್ದದ ವಾಯ್ಸ್

ಪುಟ್ಟಿ, ನಿನ್ನ ಮೆಸೇಜು ಬೆಳಿಗ್ಗೇನೇ ನೋಡಿದೆ. ಕಾಫಿ ಕೊಯ್ಲಿಗೆ ಆಳು ಬಂದಿದ್ರು, ಕೈ ಬಿಡುವಿರಲಿಲ್ಲ. ಈಗ್ಲೂ ಇಷ್ಟನ್ನೆಲ್ಲ ಟೈಪ್ ಮಾಡೋ ತಾಳ್ಮೆ ನಂಗಿಲ್ಲ, ಅದಕ್ಕೇ ವಾಯ್ಸ್ ಹಾಕ್ತಿದ್ದೀನಿ. ಉದ್ದ ಆಗ್ತದೆ, ಬೇಡದವರು ಮುಂದಕ್ಕೆ ಓಡಿಸ್ಕೊಳ್ಳಿ.

ಡಿಗ್ರಿ ಮುಗಿದ್ಮೇಲೆ ಪಬ್ಲಿಕ್ ರಿಲೇಷನ್ಸ್, ಅಂದ್ರೆ ಸಾರ್ವಜನಿಕ ಸಂಪರ್ಕದ (ಪಿಆರ್) ಲೈನಿಗೆ ಹೋಗ್ಬೇಕು, ಬುಡದಿಂದ ಏನು ಕಲೀಬೇಕು, ಅದ್ಯಾವುದೋ ಮೂರು ತಿಂಗಳ ಆನ್‌ಲೈನ್ ಸರ್ಟಿಫಿಕೇಟ್ ಕೋರ್ಸಿಗೆ ದುಡ್ಡು ಕಟ್ಲಾ ಅಂತ ನೀನು ಕೇಳಿದ್ದೀಯ. ಅದರ ಕೆಳಗೇ ನಿಮ್ಮಪ್ಪನ ಮೆಸೇಜೂ ಇದೆ. ಭಾವ, ನೀವು 'ಚೆಂದ ಮಾತಾಡೋಕೆ ಓದೋದೇನಿದೆ, ಸಂತೇಲಿ ಮೆಣಸಿನಕಾಯಿ ಮಾರೋರೂ ಅದನ್ನೇ ಮಾಡ್ತಾರೆ' ಅಂತ ಬರೆದಿದ್ದೀರಿ. ಅರ್ಧ ಫ್ಯಾಮಿಲಿ ಗ್ರೂಪು ನಗೋ ಬೊಂಬೆ ಹಾಕಿದೆ. ಸರಿ, ಮೊದ್ಲು ನಿಮಗೇ ಹೇಳ್ತೀನಿ ಭಾವ.

2018ರ ಆಗಸ್ಟ್ ನೆನಪು ಮಾಡ್ಕೊಳ್ಳಿ. ನಮ್ಮ ಕೊಡಗಿನ ಜೋಡುಪಾಲ, ಮಕ್ಕಂದೂರು, ಕಾಲೂರು ಕಡೆ ಗುಡ್ಡ ಜಾರಿತ್ತು, ಸಂಪಾಜೆ ರಸ್ತೆ ಬಂದ್, ಪ್ರವಾಸಿಗರನ್ನ ಸೇರಿಸ್ಕೋಬೇಡಿ ಅಂತ ಜಿಲ್ಲಾಡಳಿತದಿಂದ ಆರ್ಡರ್ ಬಂದಿತ್ತು. ನಿಮ್ಮ ಹೋಂಸ್ಟೇಗೆ ಬುಕ್ ಮಾಡಿದ್ದೋರಿಗೆಲ್ಲ ನೀವೇ ಕೂತು ಒಬ್ಬೊಬ್ಬರಿಗೆ ಫೋನ್ ಮಾಡಿದ್ರಿ, ಅವರಾಗಿ ಕೇಳೋಕೆ ಮುಂಚೇನೇ. 'ನಮ್ಮ ಮನೆಗೆ ಏನೂ ಆಗಿಲ್ಲ, ಆದ್ರೂ ಬರಬೇಡಿ, ರಸ್ತೆ ನಂಬೋ ಹಾಗಿಲ್ಲ, ಅಡ್ವಾನ್ಸ್ ವಾಪಸ್ ಹಾಕ್ತೀನಿ' ಅಂದ್ರಿ. ನಮ್ಮಕ್ಕ ನಿಮ್ಮ ಪಕ್ಕ ನಿಂತು, ಅಷ್ಟೂ ದುಡ್ಡು ಈಗ್ಲೇ ಕೊಡ್ಬೇಕಾ ಅಂತ ಸನ್ನೆ ಮಾಡ್ತಿದ್ರು. ಅದೇ ಹೊತ್ತಲ್ಲಿ 'ಇಲ್ಲೇನೂ ಇಲ್ಲ ಸಾರ್, ಟಿವಿಯವರು ದೊಡ್ಡದು ಮಾಡ್ತಾರೆ, ನೀವು ಬನ್ನಿ' ಅಂತ ಹೇಳ್ತಿದ್ದೋರೂ ಇದ್ರು. ಮುಂದಿನ ವರ್ಷ ನಿಮ್ಮ ಹಳೇ ಗೆಸ್ಟುಗಳು ವಾಪಸ್ ಬಂದ್ರೋ ಇಲ್ವೋ, ನೀವೇ ಗ್ರೂಪಲ್ಲಿ ಹೇಳಿ. ನೀವು ಆವತ್ತು ಮಾಡಿದ್ದೇ ಪಿಆರ್. ಚೆಂದದ ಮಾತು ಅದರಲ್ಲಿ ಒಂದೂ ಇರಲಿಲ್ಲ.

ಪುಟ್ಟಿ, ಇದನ್ನೇ ನೀನು ಮೊದ್ಲು ತಲೇಲಿ ಇಟ್ಕೋಬೇಕು. ಏನು ಮಾಡ್ತೀವಿ ಅನ್ನೋದು ಮೊದ್ಲು, ಏನು ಹೇಳ್ತೀವಿ ಅನ್ನೋದು ಆಮೇಲೆ. ಈ ಕೆಲಸ ಒಂದು ವೃತ್ತಿ ಆಗಿದ್ದೂ ಇದೇ ಜಾಗದಿಂದ. ಅಮೆರಿಕದಲ್ಲಿ ಐವಿ ಲೀ ಅಂತ ಒಬ್ಬ, ಮೊದ್ಲು ಪತ್ರಕರ್ತ ಆಗಿದ್ದೋನು. 1906ರ ಅಕ್ಟೋಬರಲ್ಲಿ ಅಟ್ಲಾಂಟಿಕ್ ಸಿಟಿ ಹತ್ರ ರೈಲು ಸೇತುವೆಯಿಂದ ನೀರಿಗೆ ಬಿದ್ದು ಐವತ್ತಕ್ಕಿಂತ ಹೆಚ್ಚು ಜನ ಸತ್ರು. ಆ ಕಾಲದ ರೈಲ್ವೆ ಕಂಪನಿಗಳಿಗೆ ಅಪಘಾತ ಅಂದ್ರೆ ಮುಚ್ಚಿಡೋದೇ ರೂಢಿ. ಆ ರೈಲ್ವೆ ಕಂಪನಿ ಪರ ಕೆಲಸ ಮಾಡ್ತಿದ್ದ ಈ ಲೀ ಏನು ಮಾಡಿದ ಅಂದ್ರೆ, ಪತ್ರಕರ್ತರನ್ನ ಸ್ಥಳಕ್ಕೆ ಕರೆಸಿ, ನಡೆದಿದ್ದನ್ನ ಕಂಪನಿ ಕಡೆಯಿಂದಲೇ ಬರೆದು ಕೊಟ್ಟ. ಇವತ್ತು ನಾವು ಪ್ರೆಸ್ ನೋಟ್ ಅಂತೀವಲ್ಲ, ಅದರಲ್ಲಿ ಮೊದಲನೇದು ಅಂತ ಪಾಠದಲ್ಲಿ ಇದನ್ನೇ ತೋರಿಸ್ತಾರೆ. ಹಾಗಂತ ಅವನನ್ನ ದೇವರು ಮಾಡ್ಕೋಬೇಡ. 1914ರಲ್ಲಿ ಲಡ್ಲೋ ಅನ್ನೋ ಕಡೆ ಗಣಿ ಕಾರ್ಮಿಕರ ಮುಷ್ಕರದಲ್ಲಿ ಹೆಂಗಸರು ಮಕ್ಕಳು ಸತ್ತಾಗ, ಇದೇ ಲೀ ಗಣಿ ಮಾಲೀಕ ರಾಕ್‌ಫೆಲರ್ ಪರ ತಪ್ಪು ಮಾಹಿತಿ ಇದ್ದ ಪ್ರಕಟಣೆ ಹಂಚಿ ಹೆಸರು ಕೆಡಿಸ್ಕೊಂಡ. ಎರಡು ಕಥೇನೂ ಒಟ್ಟಿಗೆ ಓದು. ಒಂದನ್ನೇ ಹೇಳೋ ಮೇಷ್ಟ್ರು ಸಿಕ್ರೆ ಎದ್ದು ಇನ್ನೊಂದು ಕೇಳು.

ಇನ್ನೊಂದು ಕೇಸು ಎಲ್ಲಿ ಓದೋಕೆ ಹೋದ್ರೂ ಸಿಗ್ತದೆ, ಟೈಲೆನಾಲ್ ಅನ್ನೋ ನೋವಿನ ಮಾತ್ರೇದು. 1982, ಶಿಕಾಗೋ. ಬಾಟಲಿ ಅಂಗಡಿ ತಲುಪಿದ ಮೇಲೆ ಯಾರೋ ಮಾತ್ರೆಗೆ ಸಯನೈಡ್ ಸೇರಿಸಿದ್ರು, ಏಳು ಜನ ಸತ್ರು. ಜಾನ್ಸನ್ ಅಂಡ್ ಜಾನ್ಸನ್ ಕಂಪನಿ 'ಫ್ಯಾಕ್ಟರೀಲಿ ಆಗಿದ್ದಲ್ಲ' ಅಂತ ಕೈ ತೊಳ್ಕೋಬಹುದಿತ್ತು. ಬದಲಿಗೆ ದೇಶದಾದ್ಯಂತ ಸುಮಾರು 3.1 ಕೋಟಿ ಬಾಟಲಿ ವಾಪಸ್ ತಗೊಂಡ್ರು, ಯಾರೂ ನುಂಗ್ಬೇಡಿ ಅಂತ ತಾವೇ ಹೇಳಿದ್ರು, ಆಮೇಲೆ ಬಿಚ್ಚಿದ್ರೆ ಗೊತ್ತಾಗೋ ಹಾಗೆ ಸೀಲ್ ಹಾಕಿ ಮತ್ತೆ ಮಾರ್ಕೆಟ್ಟಿಗೆ ಬಂದ್ರು. ಈಗ ಔಷಧಿ ಡಬ್ಬಿ ಬಾಯಿಗೆ ಸೀಲ್ ಇರ್ತದಲ್ಲ, ಆ ಪದ್ಧತಿ ಹಬ್ಬೋಕೆ ಇದೇ ಘಟನೆ ದೊಡ್ಡ ಕಾರಣ.

ತಡಿ, ನಾಯಿ ಬೊಗಳ್ತಿದೆ... ಏನಿಲ್ಲ, ಹಾಲಿನವರು.

ಹಾಂ. ನಾನು ಬೆಂಗಳೂರಲ್ಲಿ ಪಿಆರ್ ಕೆಲಸದಲ್ಲಿ ಇದ್ದಾಗಿನ ಒಂದು ವಿಷಯ ಹೇಳ್ತೀನಿ, ಕಂಪನಿ ಹೆಸರು ಬೇಡ. ಕಾರ್ಖಾನೆ ಪಕ್ಕದ ಹಳ್ಳೀಲಿ ಬಾವಿ ನೀರು ವಾಸನೆ ಬರ್ತಿದೆ ಅಂತ ದೂರು. ಸಂಜೆ ಒಬ್ಬ ರಿಪೋರ್ಟರ್ ಫೋನ್ ಮಾಡಿ, ನಿಮ್ಮ ಪ್ರತಿಕ್ರಿಯೆ ಏನು ಅಂತ ಕೇಳಿದ್ರು. ಮೇಲಿನವರು ನಂಗೆ, 'ಆರೋಪ ಸತ್ಯಕ್ಕೆ ದೂರ ಅಂತ ಎರಡು ಸಾಲು ಕಳಿಸಿಬಿಡಮ್ಮ' ಅಂದ್ರು. ನಾನು ಪ್ಲಾಂಟ್ ಎಂಜಿನಿಯರ್ ಹತ್ರ ಹೋಗಿ ಕೂತು ಕೇಳಿದೆ, ನೀರು ಪರೀಕ್ಷೆ ಮಾಡಿಸಿದ್ದೀರಾ? ಯಾವ ತಾರೀಕು? ಯಾವ ಲ್ಯಾಬು? ವರದಿ ಎಲ್ಲಿ? ಪರೀಕ್ಷೇನೇ ಆಗಿರಲಿಲ್ಲ! ಪರೀಕ್ಷೆ ಮಾಡದೆ ಸತ್ಯಕ್ಕೆ ದೂರವೋ ಹತ್ತಿರವೋ ಯಾರಿಗೆ ಗೊತ್ತು? ಮೀಟಿಂಗ್ ಮೇಲೆ ಮೀಟಿಂಗ್ ಆಗಿ, ಕೊನೆಗೆ ಹೋಗಿದ್ದು ಈ ಮಾತು: 'ಬಾವಿ ನೀರಿನ ಮಾದರಿ ಇವತ್ತು ಪ್ರಯೋಗಾಲಯಕ್ಕೆ ಕಳಿಸಿದ್ದೇವೆ. ವರದಿಯನ್ನು ಗ್ರಾಮಸ್ಥರ ಮುಂದೆಯೇ ಓದುತ್ತೇವೆ. ಅಲ್ಲಿಯವರೆಗೆ ಟ್ಯಾಂಕರ್ ನೀರು ನಮ್ಮದು.' ಬರೆಯೋಕೆ ಐದು ನಿಮಿಷದ ಕೆಲಸ. ಟ್ಯಾಂಕರ್ ಕಳಿಸೋಕೆ ಒಪ್ಪಿಸಿದ್ದೇ ನನ್ನ ನಿಜವಾದ ಡ್ಯೂಟಿ. ಅದಕ್ಕೇ ಹೇಳೋದು, ಈ ಕೆಲಸದಲ್ಲಿ ಅರ್ಧ ಜಗಳ ಆಫೀಸಿನ ಒಳಗೇ. ಬಾಸ್‌ಗೆ 'ಇದು ಆಗಲ್ಲ ಸಾರ್' ಅನ್ನೋ ಧೈರ್ಯ ಇಲ್ಲದೋರು ಬೇರೆ ಲೈನ್ ನೋಡ್ಕೊಂಡ್ರೇ ಒಳ್ಳೇದು.

ಇನ್ನು ಬರವಣಿಗೆ. ನೀನು ಚೆನ್ನಾಗಿ ಮಾತಾಡ್ತೀಯ, ಅದು ಸರಿ, ಆದ್ರೆ ಕೆಲಸಕ್ಕೆ ತಗೊಳ್ಳೋರು ಮೊದ್ಲು ಬರೆಸಿ ನೋಡ್ತಾರೆ. ಮೊನ್ನೆ ನಮ್ಮೂರ ಶಾಲೆ ಹಳೇ ವಿದ್ಯಾರ್ಥಿಗಳ ಸಂಘದವರು ರಕ್ತದಾನ ಶಿಬಿರದ ನೋಟು ತೋರಿಸೋಕೆ ಬಂದಿದ್ರು. ಶುರು ಹೇಗಿತ್ತು ಗೊತ್ತಾ? 'ಸಮಾಜಮುಖಿ ಚಿಂತನೆಯ ಹಿನ್ನೆಲೆಯಲ್ಲಿ, ಗಣ್ಯಾತಿಗಣ್ಯರ ಘನ ಉಪಸ್ಥಿತಿಯಲ್ಲಿ, ಅತ್ಯಂತ ಅದ್ದೂರಿಯಾಗಿ ಹಮ್ಮಿಕೊಳ್ಳಲಾಗಿರುವ...' ಹೀಗೇ ಹೋಗ್ತದೆ. ಆಮೇಲೆ ಅಧ್ಯಕ್ಷರು, ಉಪಾಧ್ಯಕ್ಷರು, ಗೌರವಾಧ್ಯಕ್ಷರು, ಸಲಹೆಗಾರರು. ತಾರೀಕು ಎಲ್ಲಿ ಅಂತ ಹುಡುಕಿದ್ರೆ ಕಟ್ಟಕಡೇ ಸಾಲಲ್ಲಿ. ಪತ್ರಿಕೆ ಡೆಸ್ಕಲ್ಲಿ ಕೂತೋರಿಗೆ ಜಾಗ ಕಮ್ಮಿ ಬಿದ್ರೆ ಕೆಳಗಿನಿಂದ ಕತ್ತರಿಸ್ತಾರೆ. ಆಗ ಗಣ್ಯರು ಉಳೀತಾರೆ, ತಾರೀಕು ಹೋಗ್ತದೆ.

ನಾನು ತಿದ್ದಿ ಕೊಟ್ಟಿದ್ದು ಇಷ್ಟೇ: 'ನಮ್ಮೂರ ಸರ್ಕಾರಿ ಶಾಲೆಯಲ್ಲಿ ಬರುವ ಭಾನುವಾರ ಬೆಳಿಗ್ಗೆ 9ರಿಂದ ಮಧ್ಯಾಹ್ನ 1ರವರೆಗೆ ರಕ್ತದಾನ ಶಿಬಿರ ನಡೆಯಲಿದೆ. 18 ವರ್ಷ ತುಂಬಿದ, ಕನಿಷ್ಠ 45 ಕೆ.ಜಿ. ತೂಕದ ಆರೋಗ್ಯವಂತರು ರಕ್ತ ನೀಡಬಹುದು.' ಎರಡನೇ ಪ್ಯಾರಾದಲ್ಲಿ ಯಾಕೆ ಮಾಡ್ತಿದ್ದೀವಿ, ಯಾರು ಮಾಡ್ತಿದ್ದೀವಿ. ಮೂರನೇದರಲ್ಲಿ ಸಂಘದವರ ಒಂದು ಮಾತು. ಕೆಳಗೆ ಫೋನ್ ನಂಬರು, ಅದೂ ಎತ್ತೋ ನಂಬರು. ಗೌರವಾಧ್ಯಕ್ಷರಿಗೆ ಸ್ವಲ್ಪ ಮುಖ ಸಣ್ಣ ಆಯ್ತು, ಇರ್ಲಿ.

ನೀನೂ ಒಂದು ಕೆಲಸ ಮಾಡು. ದಿನಾ ನಮ್ಮ 'ಶಕ್ತಿ' ಪತ್ರಿಕೆ ತೆಗೆದು, ಯಾವ ಸುದ್ದಿ ಪ್ರೆಸ್ ನೋಟಿಂದ ಬಂದಿದ್ದು, ಯಾವುದು ಸುದ್ದಿಗೋಷ್ಠಿಯಿಂದ, ಯಾವುದು ವರದಿಗಾರರು ತಾವೇ ಹೋಗಿ ತಂದಿದ್ದು ಅಂತ ಪೆನ್ಸಿಲಲ್ಲಿ ಗುರುತು ಹಾಕು. ಸ್ವಲ್ಪ ದಿನದಲ್ಲೇ ವಾಸನೆ ಹಿಡಿಯೋದು ಬರ್ತದೆ. ಹಾಗೇ ಯಾವ ಪತ್ರಿಕೆಗೆ ಎಷ್ಟು ಹೊತ್ತಿಗೆ ಕೊಟ್ರೆ ನಾಳೆ ಬರ್ತದೆ, ಕೃಷಿ ನೋಡೋರು ಯಾರು, ಕ್ರೀಡೆ ನೋಡೋರು ಯಾರು, ಇದೆಲ್ಲ ಒಂದು ನೋಟ್‌ಬುಕ್ಕಲ್ಲಿ ಬರೆದಿಡು. ಪಿಆರ್ ಏಜೆನ್ಸಿಗಳಲ್ಲಿ ಇದನ್ನ ಮೀಡಿಯಾ ಲಿಸ್ಟ್ ಅಂತಾರೆ, ಹೊಸಬರ ಮೊದಲನೇ ಕೆಲಸವೇ ಅದನ್ನ ಸರಿಯಾಗಿ ಇಟ್ಕೊಳ್ಳೋದು. ಇನ್ನೊಂದು, ವರದಿಗಾರರಿಗೆ ದುಡ್ಡಿನ ಕವರ್ ಕೊಡೋ ಅಭ್ಯಾಸ ಎಲ್ಲಾದ್ರೂ ಕಂಡ್ರೆ ನೀನು ಅದಕ್ಕೆ ಕೈ ಹಾಕ್ಬೇಡ. ದುಡ್ಡು ಕೊಟ್ಟು ಜಾಗ ಬೇಕಿದ್ರೆ ಜಾಹೀರಾತು ವಿಭಾಗ ಇದೆ, ರಸೀದಿ ಕೊಡ್ತಾರೆ. ದುಡ್ಡಿನ ಸುದ್ದೀನ ಸುದ್ದಿ ಅಂತ ಹಾಕಿಸೋದು ಓದುಗರಿಗೆ ಮೋಸ.

ಯಾರ ಜೊತೆ ಮಾತಾಡ್ತಿದ್ದೀವಿ ಅನ್ನೋದೂ ಒಂದು ಪಾಠ. ನಿಮ್ಮ ಹೋಂಸ್ಟೇನೇ ತಗೋ. ಗೆಸ್ಟು ಒಬ್ಬರೇನಾ? ರಾತ್ರಿ ಹಾಡು ಜೋರಾದ್ರೆ ಬೈಯೋ ಪಕ್ಕದ ತೋಟದವರು, ಲೈಸೆನ್ಸಿನ ಪಂಚಾಯ್ತಿಯವರು, ಮಾಂದಲ್‌ಪಟ್ಟಿಗೆ ಜೀಪು ಓಡಿಸೋ ಹುಡುಗರು, ಅಡುಗೆ ಕೆಲಸದವರು, ಬರೋ ಮುಂಚೆ ಗೂಗಲಲ್ಲಿ ರಿವ್ಯೂ ಓದೋರು. ಒಬ್ಬೊಬ್ಬರಿಗೂ ಬೇರೆ ಬೇರೆ ಚಿಂತೆ. ಒಂದು ಹಾಳೇಲಿ ಇವರನ್ನೆಲ್ಲ ಬರೆದು, ನಮ್ಮಿಂದ ಇವರಿಗೆ ಏನು ತೊಂದರೆ, ಏನು ಬೇಕು ಅಂತ ಹೋಗಿ ಕೇಳ್ಕೊಂಡು ಬಾ. ನಿನ್ನ ಊಹೆ ಬರೀಬೇಡ, ಅವರು ಹೇಳಿದ್ದು ಬರಿ. ಭಾವ, ಅವಳು ಆ ಹಾಳೆ ತಂದಾಗ ಸಿಟ್ಟು ಮಾಡ್ಕೋಬೇಡಿ ಮತ್ತೆ.

ಥಿಯರಿ ಬಗ್ಗೆ ಜಾಸ್ತಿ ಹೇಳಲ್ಲ, ಪರೀಕ್ಷೆಗೆ ಓದ್ತೀಯ. ಗ್ರೂನಿಗ್ ಮತ್ತೆ ಹಂಟ್ ಅನ್ನೋರು 1984ರಲ್ಲಿ ಹೇಳಿದ ನಾಲ್ಕು ಮಾದರಿ ಬರ್ತದೆ: ಬರೀ ಸದ್ದು ಮಾಡೋದು, ಮಾಹಿತಿ ಕೊಡೋದು, ಜನರ ಮನಸ್ಸು ತಿಳ್ಕೊಂಡು ಅವರನ್ನ ಒಲಿಸೋದು, ಜನ ಹೇಳಿದ್ದು ಕೇಳಿ ನಾವೂ ಬದಲಾಗೋದು. ನಾಲ್ಕನೇದು ಎಲ್ಲರ ಬಾಯಲ್ಲಿರ್ತದೆ, ಮಾಡೋರು ಕಮ್ಮಿ. ಇನ್ನು ಅಳತೆ. 'ಇಷ್ಟು ಕಾಲಂ ಸೆಂಟಿಮೀಟರ್ ಸುದ್ದಿ ಬಂತು, ಜಾಹೀರಾತು ಆಗಿದ್ರೆ ಇಷ್ಟು ಲಕ್ಷ' ಅಂತ ಲೆಕ್ಕ ತೋರಿಸೋದು ಹಳೇ ಚಾಳಿ. ಪಿಆರ್ ಕೆಲಸ ಅಳೆಯೋಕೆ ವೃತ್ತಿಯವರು ಒಪ್ಕೊಂಡ 2010ರ ಬಾರ್ಸಿಲೋನಾ ತತ್ವಗಳಲ್ಲೇ ಆ ಲೆಕ್ಕ ಸರಿ ಅಲ್ಲ ಅಂತ ಬರೆದಾಗಿದೆ, ಆದ್ರೂ ಇವತ್ತಿಗೂ ಕೇಳೋ ಕ್ಲೈಂಟುಗಳು ಇದ್ದಾರೆ. ರಕ್ತದಾನ ಶಿಬಿರಕ್ಕೆ ಎಷ್ಟು ಪೇಪರಲ್ಲಿ ಬಂತು ಅನ್ನೋದಕ್ಕಿಂತ ಎಷ್ಟು ಜನ ಬಂದು ರಕ್ತ ಕೊಟ್ರು ಅಂತ ನೋಡು.

ಓದು ಎಲ್ಲಿ ಅಂತ ಕೇಳಿದ್ದಕ್ಕೆ, ಹತ್ತಿರದಲ್ಲಿ ಮೈಸೂರಿನ ಮಾನಸಗಂಗೋತ್ರಿ, ಮಂಗಳೂರು ವಿ.ವಿ.ಯ ಮಂಗಳಗಂಗೋತ್ರಿ, ಎರಡು ಕಡೇನೂ ಸಮೂಹ ಸಂವಹನ ಮತ್ತು ಪತ್ರಿಕೋದ್ಯಮದ ಎಂ.ಎ. ಇದೆ. ದೂರ ಹೋಗೋಕೆ ಅಪ್ಪ ಬಿಟ್ರೆ ದೆಹಲಿಯ ಐಐಎಂಸಿ (ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮಾಸ್ ಕಮ್ಯುನಿಕೇಷನ್), ಅಲ್ಲಿ ಜಾಹೀರಾತು ಮತ್ತು ಪಬ್ಲಿಕ್ ರಿಲೇಷನ್ಸಿಗೇ ಬೇರೆ ಕೋರ್ಸು. 1958ರಲ್ಲಿ ಶುರುವಾದ ಪಬ್ಲಿಕ್ ರಿಲೇಷನ್ಸ್ ಸೊಸೈಟಿ ಆಫ್ ಇಂಡಿಯಾ ಅಂತ ವೃತ್ತಿಯವರ ಸಂಘವೂ ಇದೆ. ಏಪ್ರಿಲ್ 21ಕ್ಕೆ ರಾಷ್ಟ್ರೀಯ ಪಿಆರ್ ದಿನ ಅಂತ ಕಾರ್ಯಕ್ರಮ ಮಾಡ್ತಾರೆ, ಆವಾಗ ಹೋಗಿ ನಾಲ್ಕು ಜನರ ಪರಿಚಯ ಮಾಡ್ಕೋ. ಕೆಲಸ ಅಂದ್ರೆ ಏಜೆನ್ಸಿ ಒಂದೇ ಅಂತ ಇಲ್ಲ. ಆಸ್ಪತ್ರೆ, ಬ್ಯಾಂಕು, ಸಾರ್ವಜನಿಕ ಉದ್ಯಮಗಳು ಇವೆ, ನಮ್ಮ ಸರ್ಕಾರದ ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆ ಇದೆ. ಮಡಿಕೇರಿಯ ವಾರ್ತಾ ಇಲಾಖೆ ಆಫೀಸಿಗೆ ಒಂದು ದಿನ ಹೋಗಿ, ದಿನದ ಪ್ರಕಟಣೆ ಹೇಗೆ ಸಿದ್ಧ ಆಗ್ತದೆ ಅಂತ ಕೇಳು.

ಆ ಆನ್‌ಲೈನ್ ಕೋರ್ಸಿಗೆ ಈಗ್ಲೇ ದುಡ್ಡು ಕಟ್ಬೇಡ. ಅವರು ಬರೆಸ್ತಾರಾ, ಬರೆದಿದ್ದನ್ನ ತಿದ್ದೋರು ಯಾರು, ಅವರು ಎಲ್ಲಿ ಕೆಲಸ ಮಾಡಿದ್ರು ಅಂತ ಕೇಳು. ಬರೀ ವಿಡಿಯೋ ನೋಡ್ಸಿ ಸರ್ಟಿಫಿಕೇಟ್ ಕೊಡೋದಾದ್ರೆ ಬೇಡ. ಬೇಸಿಗೇಲಿ ಕೊಡವ ಕುಟುಂಬಗಳ ಹಾಕಿ ಬರ್ತದಲ್ಲ, 1997ರಲ್ಲಿ ಕರಡದಲ್ಲಿ 60 ಕುಟುಂಬದ ತಂಡದಿಂದ ಶುರುವಾಗಿದ್ದು, 2024ರಲ್ಲಿ ನಾಪೋಕ್ಲಲ್ಲಿ 360 ತಂಡ ಆಡಿದ್ವು. ಅಷ್ಟು ದೊಡ್ಡ ಕೂಟದಲ್ಲಿ ಮಾಧ್ಯಮದ ಕಡೆ ಕೈ ಬೇಕೇ ಬೇಕಾಗ್ತದೆ. ನಿನ್ನ ಫ್ರೆಂಡ್ಸ್ ಮನೆಯವರ ಮೂಲಕ ವಿಚಾರಿಸು. ಸಂಜೆ, ಪತ್ರಿಕೆಗಳ ಎಡಿಷನ್ ಕ್ಲೋಸ್ ಆಗೋಕೆ ಮುಂಚೆ ಅಷ್ಟೂ ಮ್ಯಾಚಿನ ರಿಸಲ್ಟು, ಗೋಲು ಹೊಡೆದೋರ ಮನೆ ಹೆಸರು ತಪ್ಪಿಲ್ಲದೆ ಕಳಿಸೋದಿದೆಯಲ್ಲ, ಅಲ್ಲಿ ಕಲಿಯೋದು ಯಾವ ಕ್ಲಾಸಲ್ಲೂ ಸಿಗಲ್ಲ. ಒಂದು ಮನೆ ಹೆಸರು ತಪ್ಪಾಗಿ ಹೋದ್ರೆ ಮಾರನೇ ದಿನ ನಿಂಗೇ ಗೊತ್ತಾಗ್ತದೆ.

ಈಗ ಸದ್ಯಕ್ಕೆ, ಹೋಂಸ್ಟೇ ಹಾಳೆ ಒಂದು, ಅಪ್ಪ 2018ರಲ್ಲಿ ಫೋನಲ್ಲಿ ಹೇಳಿದ್ದನ್ನೇ ಒಂದು ಪುಟದ ಪ್ರಕಟಣೆ ಮಾಡಿದ್ದು ಒಂದು, ಎರಡನ್ನೂ ಬರೆದು ನಂಗೆ ಬೇರೆಯಾಗಿ ಕಳಿಸು. ಗ್ರೂಪಿಗೆ ಹಾಕ್ಬೇಡ, ಇಲ್ಲಿ ಎಲ್ಲರೂ ಎಡಿಟರೇ.